ಮನಸ್ಸಿನ ಗುಳಿಗೆ ಒಮ್ಮೆ ಶುರು ಮಾಡಿದರೆ ಬಿಡೋಕೆ ಆಗಲ್ವಾ?

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ದಿನಕ್ಕೆ ನಲವತ್ತು ಐವತ್ತು ಸಲ ಕೈ ತೊಳೆಯುತ್ತಾಳೆ. ಗ್ಯಾಸ್ ಬಂದ್ ಆಗಿದೆಯಾ, ಬಾಗಿಲ ಚಿಲಕ ಬಿದ್ದಿದೆಯಾ ಎಂದು ರಾತ್ರಿ ಎದ್ದೆದ್ದು ನೋಡುತ್ತಾಳೆ. ಡಾಕ್ಟರು ಓಸಿಡಿ (ಬೇಡದ ಯೋಚನೆ ಒತ್ತಿ ಬಂದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಎಂದು ಹೇಳಿ ಗುಳಿಗೆ ಬರೆದಿದ್ದಾರೆ. ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಿದ್ದಾರೆ. ಈ ಗುಳಿಗೆ ಚಟ ಹತ್ತಿಸುತ್ತದೆ, ಸಾಯುವವರೆಗೂ ನುಂಗಬೇಕು ಅಂತಾರೆ. ನಿಜವೇ? (ಸಿಂಧನೂರಿನಿಂದ ಒಬ್ಬ ತಾಯಿ)

ನಿಜ ಅಲ್ಲ. ಡಾಕ್ಟರು ಬರೆದಂತೆ ಗುಳಿಗೆ ಶುರು ಮಾಡಿಸಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಓಪಿಡಿಯಲ್ಲಿ ಹೇಳಿದ್ದೇನೆ, ಮದುವೆಮನೆಯ ಊಟದ ಸಾಲಿನಲ್ಲಿ ಹೇಳಿದ್ದೇನೆ, ಲಿಂಗಸುಗೂರು ಬಸ್ಸಿನಲ್ಲಿ ನಿಂತುಕೊಂಡೂ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಮನೆಗೆ ಹೋದ ಮೇಲೆ ಯಾರೋ ಒಬ್ಬರು "ಅದು ನಿದ್ದೆ ಗುಳಿಗೆ, ಬಿಟ್ಟುಬಿಡು" ಅನ್ನುತ್ತಾರೆ. ಹತ್ತನೇ ದಿನಕ್ಕೆ ಗುಳಿಗೆ ಕಪಾಟಿನ ಮೇಲೆ ಸೇರುತ್ತದೆ. ಆರು ತಿಂಗಳು ಬಿಟ್ಟು ಅದೇ ಹುಡುಗಿ ಮತ್ತೆ ಬರುತ್ತಾಳೆ. ಆಗ ಅಂಗೈ ಚರ್ಮ ಸುಲಿದು ಕೆಂಪಾಗಿರುತ್ತದೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ. ಬೇಡ ಅನ್ನುವವರ ಮುಂದೆ ಇದನ್ನು ಜೋರಾಗಿ ಓದಿ.

ಗೋಳು ಎಲ್ಲಿಂದ ಶುರುವಾಯಿತು ಅಂದರೆ, ಎರಡು ಬೇರೆ ಬೇರೆ ಜಾತಿಯ ಗುಳಿಗೆಗಳನ್ನು ಜನ ಒಂದೇ ಚೀಲಕ್ಕೆ ಹಾಕಿದ್ದಾರೆ. "ಮೈಂಡ್ ಗುಳಿಗೆ" ಅಂದರೆ ಎಲ್ಲವೂ ಒಂದೇ ಎಂದುಕೊಂಡಿದ್ದಾರೆ.

ಮೊದಲನೇ ಜಾತಿ: ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್, ಡಯಾಜೆಪಾಮ್. ಇವು ನುಂಗಿದ ಅರ್ಧ ಮುಕ್ಕಾಲು ಗಂಟೆಯಲ್ಲೇ ಎದೆಬಡಿತ ಇಳಿಸುತ್ತವೆ, ಕಣ್ಣು ಎಳೆಯುತ್ತವೆ. ಇವು ಚಟ ಹತ್ತಿಸುತ್ತವೆ, ಹೌದು. ಎರಡರಿಂದ ನಾಲ್ಕು ವಾರದ ಮಟ್ಟಿಗೆ ಕೊಡಬೇಕಾದ ಗುಳಿಗೆ ಇವು. ತಿಂಗಳುಗಟ್ಟಲೆ ತಿಂದರೆ ಅರ್ಧ ಸಾಲದೆ ಒಂದು ಬೇಕಾಗುತ್ತದೆ, ಒಂದು ಸಾಲದೆ ಎರಡು ಬೇಕಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹಾರಿಹೋಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಅದಕ್ಕೇ ಅಲ್ಪ್ರಜೋಲಾಮನ್ನು ಸರ್ಕಾರ ಎಚ್1 ಪಟ್ಟಿಗೆ ಸೇರಿಸಿದೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು.

ಎರಡನೇ ಜಾತಿ: ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್, ಫ್ಲುವಾಕ್ಸಮೈನ್. ನಿಮ್ಮ ಮಗಳ ಚೀಟಿಯಲ್ಲಿ ಬಹುಶಃ ಇವುಗಳಲ್ಲಿ ಒಂದಿರುತ್ತದೆ. ಖಿನ್ನತೆ, ಆತಂಕ, ಓಸಿಡಿ ಮೂರಕ್ಕೂ ಮೊದಲು ಕೊಡುವುದು ಇವನ್ನೇ. ಇವು ನಿದ್ದೆ ಗುಳಿಗೆ ಅಲ್ಲ. ಇವತ್ತು ನುಂಗಿದರೆ ಇವತ್ತು ಏನೂ ಆಗುವುದಿಲ್ಲ. ನಾಳೆಯೂ ಆಗುವುದಿಲ್ಲ. ಖಿನ್ನತೆಯಲ್ಲಿ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಓಸಿಡಿಯಲ್ಲಿ ಎಂಟರಿಂದ ಹನ್ನೆರಡು ವಾರ. ಚಟ ಹತ್ತಿಸುವ ವಸ್ತುವಿನ ಗುಣ ಏನು? ನುಂಗಿದ ಕೂಡಲೇ ಹಿತ ಸಿಗಬೇಕು, ಅದು ಇಳಿದಾಗ ಮತ್ತೆ ಬೇಕು ಅನ್ನಿಸಬೇಕು, ದಿನ ಹೋದಂತೆ ಜಾಸ್ತಿ ಬೇಕಾಗಬೇಕು. ಈ ಗುಳಿಗೆ ತಿಂದವರು ಯಾರೂ ಸಂಜೆ ಹೊತ್ತಿಗೆ "ಇನ್ನೊಂದು ಕೊಡಿ" ಎಂದು ಕೈ ಚಾಚುವುದಿಲ್ಲ. ತಿನ್ನುವುದನ್ನು ಮರೆತೇಬಿಡುತ್ತಾರೆ! ಅದೇ ನಮಗೆ ದಿನದ ತಲೆನೋವು.

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಓಸಿಡಿ ಗುಳಿಗೆಗೆ ಹೆದರಿ ಹತ್ತನೇ ದಿನ ನಿಲ್ಲಿಸಿದ ಮನೆಯಲ್ಲೇ ಅಜ್ಜನಿಗೆ ನಿದ್ದೆ ಬರಲಿಲ್ಲ ಎಂದು ಹಳೇ ಚೀಟಿ ತೋರಿಸಿ ಅಲ್ಪ್ರಜೋಲಾಮ್ ತಂದಿರುತ್ತಾರೆ. ಎರಡು ವರ್ಷದಿಂದ ತರುತ್ತಲೇ ಇರುತ್ತಾರೆ. ಅದಕ್ಕೆ ಯಾರೂ ಹೆದರಿರುವುದಿಲ್ಲ. "ಬರೀ ಅರ್ಧ ಗುಳಿಗೆ, ಏನಾಗುತ್ತೆ" ಅನ್ನುತ್ತಾರೆ.

ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿ ಇದೆ. ಎಸ್ಸಿಟಲೋಪ್ರಾಮ್ ಮತ್ತು ಕ್ಲೋನಾಜೆಪಾಮ್ ಎರಡನ್ನೂ ಸೇರಿಸಿ ಒಂದೇ ಗುಳಿಗೆ ಮಾಡಿ ನಮ್ಮಲ್ಲಿ ಮಾರುತ್ತಾರೆ. ನೀವು ಒಂದು ಗುಳಿಗೆ ನುಂಗುತ್ತೀರಿ, ಹೊಟ್ಟೆಗೆ ಎರಡು ಔಷಧ ಹೋಗುತ್ತದೆ. ತಿಂಗಳಾದ ಮೇಲೆ ನಿಲ್ಲಿಸಿದಾಗ ನಿದ್ದೆ ಕೆಡುತ್ತದೆ. ಆಗ ತಪ್ಪೆಲ್ಲ ಎಸ್ಸಿಟಲೋಪ್ರಾಮ್ ಮೇಲೆ ಬರುತ್ತದೆ. ಆದ್ದರಿಂದ ಸ್ಟ್ರಿಪ್ಪಿನ ಮೇಲೆ ಬರೆದಿರುವ ಔಷಧದ ಹೆಸರನ್ನು ಓದಿ. ಕಂಪನಿ ಇಟ್ಟ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಇಂಗ್ಲಿಷ್ ಓದಲು ಬರದಿದ್ದರೆ ಅಂಗಡಿಯ ಹುಡುಗನಿಗೆ "ಇದರಲ್ಲಿ ಕ್ಲೋನಾಜೆಪಾಮ್ ಇದೆಯಾ" ಎಂದು ಕೇಳಿ. ಇದ್ದರೆ, ಅದು ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

"ಸರಿ, ಆದರೆ ನಮ್ಮ ಅಕ್ಕ ಎರಡನೇ ಜಾತಿಯದ್ದನ್ನೇ ಬಿಟ್ಟಾಗ ತಲೆ ಗಿರ್ ಅಂದಿತಲ್ಲ, ಅದು ಚಟ ಅಲ್ವಾ?" ಎಂದು ಕೇಳುತ್ತಾರೆ. ಇದು ಒಳ್ಳೆಯ ಪ್ರಶ್ನೆ. ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಕೆಲವು ದಿನ ತಲೆ ಸುತ್ತುತ್ತದೆ, ತಲೆಯಲ್ಲಿ ಕರೆಂಟ್ ಹೊಡೆದಂತೆ ಆಗುತ್ತದೆ, ಸಿಡುಕು ಬರುತ್ತದೆ. ಮೈ ಆ ಔಷಧಕ್ಕೆ ಹೊಂದಿಕೊಂಡಿತ್ತು, ಈಗ ಅದಿಲ್ಲದೆ ಹೊಂದಿಕೊಳ್ಳಲು ಸಮಯ ಕೇಳುತ್ತಿದೆ. ಬಿಪಿಯ ಕೆಲವು ಗುಳಿಗೆಗಳನ್ನು ತಟ್ಟನೆ ಬಿಟ್ಟರೂ ಬಿಪಿ ಜಿಗಿಯುತ್ತದೆ. ಅದನ್ನು ಯಾರೂ ಚಟ ಅನ್ನುವುದಿಲ್ಲ, ಅಲ್ವಾ? ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಿದರೆ ಬಹಳ ಜನರಿಗೆ ಈ ತೊಂದರೆ ಬಾರದೆ ಹೋಗುತ್ತದೆ. ಇದೇ ಜಾತಿಯ ಪೆರಾಕ್ಸೆಟಿನ್ ಬಿಡುವಾಗ ತೊಂದರೆ ಜಾಸ್ತಿ. ಫ್ಲುಆಕ್ಸೆಟಿನ್ ಮೈಯಿಂದ ನಿಧಾನಕ್ಕೆ ಹೋಗುವುದರಿಂದ ತೊಂದರೆ ಕಡಿಮೆ.

ಇನ್ನು ಸಾಯುವವರೆಗೂ ಅನ್ನುವ ಮಾತು. ಮೊದಲ ಸಲ ಖಿನ್ನತೆ ಬಂದವರು ಪೂರ್ತಿ ಗುಣವಾದ ಮೇಲೆ ಕನಿಷ್ಠ 6ರಿಂದ 9 ತಿಂಗಳು ಮುಂದುವರಿಸಬೇಕು. ಓಸಿಡಿಗೆ ಒಂದರಿಂದ ಎರಡು ವರ್ಷ. ಆಮೇಲೆ ಡಾಕ್ಟರೇ ಇಳಿಸುತ್ತಾರೆ. ಕೆಲವರಿಗೆ ರೋಗ ಮರುಕಳಿಸುತ್ತದೆ. ಓಸಿಡಿಯಲ್ಲಿ ಇದು ಕಡಿಮೆ ಏನಲ್ಲ, ಆಗ ಜಾಸ್ತಿ ವರ್ಷ ತಿನ್ನಬೇಕಾಗುತ್ತದೆ. ಅದಕ್ಕೆ ಕಾರಣ ರೋಗದ ಸ್ವಭಾವ, ಗುಳಿಗೆ ಅಲ್ಲ. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಓಸಿಡಿಗೆ ಡೋಸ್ ಜಾಸ್ತಿ ಬೇಕು. ಖಿನ್ನತೆಗೆ ಫ್ಲುಆಕ್ಸೆಟಿನ್ 20 ಮಿಲಿಗ್ರಾಂ ಸಾಕಾದರೆ, ಓಸಿಡಿಗೆ 60ರವರೆಗೆ ಏರಿಸುವುದು ಸಾಮಾನ್ಯ. ಡೋಸ್ ಏರಿಸಿದರು ಅಂದರೆ ಚಟ ಹತ್ತಿತು ಎಂದು ಗಾಬರಿ ಬೀಳಬೇಡಿ.

ಮೊದಲ ಎರಡು ವಾರ ಕಷ್ಟ. ಓಕರಿಕೆ, ತಲೆನೋವು, ಭೇದಿ, ಒಂಥರಾ ಚಡಪಡಿಕೆ. ಊಟದ ನಂತರ ತಿಂದರೆ ಓಕರಿಕೆ ಕಡಿಮೆ. ಬಹಳಷ್ಟು ತಾನಾಗಿಯೇ ಇಳಿಯುತ್ತದೆ. ಗಂಡ ಹೆಂಡತಿಯ ಸಂಬಂಧದಲ್ಲಿ ಆಸಕ್ತಿ ಕಡಿಮೆಯಾಗುವುದೂ ಉಂಟು. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ದಾರಿ ಇದೆ. ನಿಮ್ಮ ಮಗಳಿಗೆ ಇನ್ನೂ 25 ಆಗಿಲ್ಲ. ಈ ವಯಸ್ಸಿನವರಲ್ಲಿ ಕೆಲವರಿಗೆ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು. ಆ ದಿನಗಳಲ್ಲಿ ಅವಳನ್ನು ಹತ್ತಿರದಿಂದ ನೋಡಿಕೊಳ್ಳಿ, "ಹೇಗನಿಸ್ತಿದೆ" ಎಂದು ನೇರವಾಗಿ ಕೇಳಿ. ಅಂಥ ಮಾತು ಬಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ.

"ಸ್ಕ್ಯಾನ್ ಇಲ್ಲ, ರಕ್ತ ಪರೀಕ್ಷೆ ಇಲ್ಲ, ಬರೀ ಮಾತಾಡಿಸಿ ರೋಗ ಹೇಳಿಬಿಟ್ಟರು" ಎಂದೂ ಕೆಲವರು ಬೇಜಾರಾಗುತ್ತಾರೆ. ಓಸಿಡಿ ತೋರಿಸುವ ಸ್ಕ್ಯಾನ್ ಇಲ್ಲ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು. ಮಾತೇ ಇಲ್ಲಿ ಪರೀಕ್ಷೆ. ಬೇಡದ ಯೋಚನೆ ಒತ್ತಿ ಒತ್ತಿ ಬರುತ್ತದೆಯಾ? ಅದನ್ನು ತಣಿಸಲು ಮಾಡುವ ಕೆಲಸಕ್ಕೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೋಗುತ್ತದೆಯಾ? ಓದು, ಕೆಲಸ, ಸಂಸಾರ ಕೆಡುತ್ತಿದೆಯಾ? ನಮ್ಮ ಕಡೆ "ಅವಳಿಗೆ ಮಡಿ ಜಾಸ್ತಿ" ಎಂದು ವರ್ಷಗಟ್ಟಲೆ ಸುಮ್ನೆ ಬಿಡುತ್ತಾರೆ. ಮಡಿ ಮಾಡುವವರಿಗೆ ಸ್ನಾನ ಮುಗಿದ ಮೇಲೆ ಸಮಾಧಾನ ಆಗುತ್ತದೆ. ಓಸಿಡಿಯವರಿಗೆ ಆಗುವುದಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಓಣಿಯಲ್ಲಿ ಡ್ರಮ್ ಖಾಲಿಯಾಗಿ ಜಗಳ ಆಗುವವರೆಗೆ ಮನೆಯವರಿಗೆ ಗೊತ್ತೇ ಆಗಿರುವುದಿಲ್ಲ.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವಾಗಿ, ವಿಪರೀತ ಮಾತಾಡಿ, ದುಡ್ಡು ಚೆಲ್ಲಾಡಿದ್ದು ಉಂಟಾ? ಇದ್ದರೆ ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಮೇಲೇರಿ ಒಮ್ಮೆ ಕೆಳಗೆ ಬೀಳುವ ಕಾಯಿಲೆ, ಇರಬಹುದು. ಅಂಥವರಿಗೆ ಈ ಗುಳಿಗೆಯನ್ನಷ್ಟೇ ಕೊಟ್ಟರೆ ಮನಸ್ಸು ಮೇಲಕ್ಕೆ ಹಾರಿಬಿಡಬಹುದು. ಆದ್ದರಿಂದ ಆ ವಿಷಯ ಮುಚ್ಚಿಡಬೇಡಿ. ಬೈಪೋಲಾರಿಗೆ ಲಿಥಿಯಂ ತಿನ್ನುವವರು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಮ್ಮ ರಾಯಚೂರು, ಬಳ್ಳಾರಿ ಬಿಸಿಲು 40 ದಾಟುತ್ತದೆ. ಬೆವರು ಹೋಗಿ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬೇಸಿಗೆಯಲ್ಲಿ ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ಊಟದಲ್ಲಿ ಉಪ್ಪನ್ನು ಒಮ್ಮೆಲೇ ಬಿಡಬೇಡಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳದೆ ನುಂಗಬೇಡಿ, ಅವೂ ಅದನ್ನು ಏರಿಸುತ್ತವೆ. ಕೈ ಜೋರಾಗಿ ನಡುಗಿದರೆ, ವಾಂತಿ ಭೇದಿಯಾದರೆ, ನಡಿಗೆ ತಪ್ಪಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕು ಅನ್ನುವವರಿದ್ದಾರೆ. ಅವರಿಗೆ ನಾನು ಹೆಮ್ಮೆಯಿಂದ ಒಂದು ಕಥೆ ಹೇಳುತ್ತೇನೆ. 1985ರಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರು ಬಿಟ್ಟು ಬಳ್ಳಾರಿಗೆ ಬಂದರು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಗೆ ಅಲ್ಲೇ ಔಷಧ ಕೊಡಬಹುದಾ ಎಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಿದರು. ಆಯಿತು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿ. ಪುಸ್ತಕಗಳಲ್ಲಿ ಇವತ್ತಿಗೂ ಅದನ್ನು ಬಳ್ಳಾರಿ ಮಾದರಿ ಎಂದೇ ಕರೆಯುತ್ತಾರೆ. ಇವತ್ತು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಫೋನಿನಲ್ಲೇ ಕನ್ನಡದಲ್ಲಿ ಮಾತಾಡಬೇಕಾದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್ 14416 ಇದೆ, ದುಡ್ಡು ಬೇಕಿಲ್ಲ.

ಕೊನೆಗೆ, ನೀವು ಕೇಳದ ಒಂದು ವಿಷಯ. ಕೇಳಬೇಕಿತ್ತು, ಅದಕ್ಕೇ ಹೇಳುತ್ತಿದ್ದೇನೆ. ರಾತ್ರಿ ಮಗಳು "ಅಮ್ಮಾ, ಗ್ಯಾಸ್ ಬಂದ್ ಆಗಿದೆಯಾ" ಎಂದು ಕೇಳಿದಾಗ ನೀವು ಏನು ಮಾಡುತ್ತೀರಿ? "ಆಗಿದೆ ಮಲಗು" ಅನ್ನುತ್ತೀರಿ. ಐದು ನಿಮಿಷಕ್ಕೆ ಮತ್ತೆ ಕೇಳುತ್ತಾಳೆ, ಮತ್ತೆ ಹೇಳುತ್ತೀರಿ. ಅವಳ ಬದಲು ನೀವೇ ಎದ್ದು ನೋಡಿ ಬರುತ್ತೀರಿ. ಪ್ರೀತಿಯಿಂದಲೇ ಮಾಡುತ್ತೀರಿ, ನನಗೆ ಗೊತ್ತು. ಆದರೆ ನಿಮ್ಮ ಪ್ರತಿ ಉತ್ತರವೂ ಓಸಿಡಿಗೆ ಒಂದು ತುತ್ತು. ಅವಳ ಭಯ ಐದು ನಿಮಿಷ ಇಳಿದು ಮತ್ತೆ ಏರುತ್ತದೆ.

ಗುಳಿಗೆಯ ಜೊತೆ ಕೊಡುವ ಚಿಕಿತ್ಸೆ ಇದನ್ನೇ ತಿರುಗಿಸಿ ಮಾಡುತ್ತದೆ. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟ ದಾರಿ ಅದು. ಭಯ ಹುಟ್ಟಿಸುವುದನ್ನು ಮುಟ್ಟಬೇಕು, ಆಮೇಲೆ ತೊಳೆಯದೆ ಕೂರಬೇಕು. ಭಯ ಏರುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ತಾನಾಗಿಯೇ ಇಳಿಯುತ್ತದೆ. ತೊಳೆಯದಿದ್ದರೂ ಏನೂ ಆಗಲಿಲ್ಲ ಎಂದು ಅವಳಿಗೆ ಅನುಭವದಿಂದ ಗೊತ್ತಾಗಬೇಕು, ನಿಮ್ಮ ಮಾತಿನಿಂದ ಅಲ್ಲ. ಇದನ್ನು ಒಂದೇ ದಿನ ಬಲವಂತದಿಂದ ಮಾಡಬೇಡಿ. ಬೈಯಬೇಡಿ, ನಲ್ಲಿ ಬಂದ್ ಮಾಡಬೇಡಿ. ಡಾಕ್ಟರು ಅಥವಾ ಆಪ್ತ ಸಮಾಲೋಚಕರ ಮುಂದೆ ಮಗಳ ಜೊತೆ ಕೂತು ಮೊದಲು ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಗ್ಯಾಸಿನದ್ದೇ ಇರಲಿ. ಅವಳೂ ಒಪ್ಪಿದ ಮೇಲೆ, ರಾತ್ರಿ ಮೊದಲ ಸಲ ಕೇಳಿದಾಗ ಉತ್ತರ ಕೊಡಿ. ಎರಡನೇ ಸಲ ಕೇಳಿದಾಗ, "ಇದು ಓಸಿಡಿ ಕೇಳ್ತಿರೋ ಪ್ರಶ್ನೆ ಕಣೇ, ನಾವು ಉತ್ತರ ಕೊಡಲ್ಲ ಅಂತ ಮಾತಾಡಿಕೊಂಡಿದ್ದೀವಲ್ಲ" ಎಂದು ಹೇಳಿ ಅವಳ ಪಕ್ಕದಲ್ಲೇ ಕೂತಿರಿ. ಎದ್ದು ಅಡುಗೆಮನೆಗೆ ಮಾತ್ರ ಹೋಗಬೇಡಿ.