ಒಂದೇ ಹೆಸರಿನ ಎರಡು ಲೆಕ್ಕ

ಮಂಡ್ಯ ಸೀಮೆಯ ಆಲೆಮನೆಯಲ್ಲಿ ‘ಲೆಕ್ಕ’ ಎಂಬ ಮಾತಿಗೆ ಎರಡು ಅರ್ಥವಿದೆ. ಗಾಡಿಯಲ್ಲಿ ಬಂದ ಕಬ್ಬು ಎಷ್ಟು ಟನ್ ತೂಗಿತು ಎಂಬುದೂ ಲೆಕ್ಕವೇ, ಆ ಕಬ್ಬಿಗಾಗಿ ರೈತನಿಗೆ ಎಷ್ಟು ಹಣ ಸಲ್ಲಬೇಕು ಎಂಬುದೂ ಲೆಕ್ಕವೇ. ಆಡುವವರಿಗೆ ಇದರಿಂದ ತೊಡಕಾಗುವುದಿಲ್ಲ. ಪರಿಚಯದವರೊಬ್ಬರ ಆಲೆಮನೆಗಾಗಿ ಮೈಸೂರಿನಲ್ಲಿ ಕುಳಿತು ಪರ್ಲ್ ಭಾಷೆಯಲ್ಲಿ ನಾನು ಬರೆದ ಪುಟ್ಟ ಪ್ರೋಗ್ರಾಮಿಗೆ ಮಾತ್ರ ಆಯಿತು. ಮೊದಲ ದಿನವೇ ಫೋನ್ ಬಂತು: “ಏನ್ ಸ್ವಾಮಿ, ಎಂಟು ಟನ್ ಕಬ್ಬಿಗೆ ಎಂಟು ರೂಪಾಯಿ ಅಂತ ಬಂದದಲ್ಲ?” ಚೀಟಿಯಲ್ಲಿ ಹಣದ ಜಾಗದಲ್ಲಿ 8.35 ಎಂದು ಅಚ್ಚಾಗಿತ್ತು. ಅದು ತೂಕ.

ಆಬ್ಜೆಕ್ಟ್‌ಗಳನ್ನು ಆಧರಿಸಿದ ಭಾಷೆಗಳಲ್ಲಿ ಒಂದು ಕ್ಲಾಸ್, ಎಂದರೆ ಒಂದು ಬಗೆಯ ವಸ್ತುವಿನ ಮಾದರಿ, ತನ್ನ ತಾಯಿ ಕ್ಲಾಸಿನಿಂದ ಗುಣಗಳನ್ನು ಪಡೆಯುವುದು ಹಳೆಯ ಪದ್ಧತಿ. ಆದರೆ ತೂಗಿಸಿಕೊಳ್ಳುವುದು, ಹಣದ ಲೆಕ್ಕಕ್ಕೆ ಒಳಪಡುವುದು ಮೊದಲಾದ ಕೆಲಸಗಳು ವಂಶಾವಳಿಗೆ ಸೇರಿದವಲ್ಲ. ಕಬ್ಬಿನ ಗಾಡಿಗೂ ಬೆಲ್ಲದ ಮೂಟೆಗೂ ಅವು ಸಮಾನವಾಗಿ ಬೇಕು. ಇಂಥ ಕೆಲಸಗಳನ್ನು ಬಿಡಿಯಾಗಿ ಬರೆದಿಟ್ಟು, ಬೇಕಾದ ಕ್ಲಾಸಿಗೆ ಬೆಸೆಯಬಹುದು ಎಂಬ ವಿಚಾರವನ್ನು ಶೆರ್ಲಿ, ಡುಕಾಸ್, ನೀರ್‌ಸ್ಟ್ರಾಸ್ ಮತ್ತು ಬ್ಲ್ಯಾಕ್ 2003ರ ಪ್ರಬಂಧವೊಂದರಲ್ಲಿ ‘ಟ್ರೇಟ್’ ಎಂಬ ಹೆಸರಿನಿಂದ ಮಂಡಿಸಿದರು. ಪರ್ಲ್ ಬಳಗದಲ್ಲಿ ಅದು ‘ರೋಲ್’ ಎನಿಸಿಕೊಂಡಿತು. ಸ್ಟೀವನ್ ಲಿಟಲ್ 2006ರಲ್ಲಿ ಹೊರತಂದ ಮೂಸ್ ಎಂಬ ಪರ್ಲ್ ಲೈಬ್ರರಿ ಅದನ್ನು ಬಳಕೆಗೆ ತಂದಿತು. ನನ್ನ ಪ್ರೋಗ್ರಾಮು ಬಳಸಿದ್ದೂ ಮೂಸನ್ನೇ: ಅದರಲ್ಲಿ ತೂಕ, ಪಾವತಿ ಎಂಬ ಎರಡು ರೋಲ್‌ಗಳಿದ್ದವು, ಎರಡರಲ್ಲೂ ‘ಲೆಕ್ಕ’ ಎಂಬ ಮೆಥಡ್, ಎಂದರೆ ಹೆಸರಿಟ್ಟ ಕೆಲಸ, ಇತ್ತು.

ಬೆಸುಗೆಯ ಮೂಲ ನಿಯಮ ಸರಳವಾದದ್ದು: ಎರಡು ರೋಲ್‌ಗಳಲ್ಲಿ ಒಂದೇ ಹೆಸರಿನ ಮೆಥಡ್ ಇದ್ದರೆ ಯಾವುದೂ ಮೇಲಲ್ಲ, ಯಾವುದೂ ಕೆಳಗಲ್ಲ, ತೀರ್ಮಾನವನ್ನು ಕ್ಲಾಸೇ ಹೇಳಬೇಕು, ಹೇಳದಿದ್ದರೆ ಪ್ರೋಗ್ರಾಮು ದೋಷ ವರದಿ ಮಾಡಿ ನಿಂತುಬಿಡಬೇಕು. ನನ್ನದು ನಿಲ್ಲಲಿಲ್ಲ. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಇಷ್ಟೇ: ರೋಲ್ ಅನ್ನು ಕ್ಲಾಸಿಗೆ ಬೆಸೆಯುವ ‘ವಿತ್’ ಅನ್ನು ಬಳಸಿ ನಾನು ‘ವಿತ್ ತೂಕ’ ಎಂದು ಒಂದು ಸಾಲಿನಲ್ಲಿ, ‘ವಿತ್ ಪಾವತಿ’ ಎಂದು ಮುಂದಿನ ಸಾಲಿನಲ್ಲಿ ಬರೆದಿದ್ದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ತೂಕದ ‘ಲೆಕ್ಕ’ ಕ್ಲಾಸಿನ ಸ್ವಂತ ಆಸ್ತಿಯಾಗಿರುತ್ತದೆ. ಕ್ಲಾಸಿನಲ್ಲಿ ಆಗಲೇ ಇರುವ ಮೆಥಡ್ ರೋಲ್ ತರುವ ಮೆಥಡ್‌ಗಿಂತ ದೊಡ್ಡದು ಎಂಬ ಇನ್ನೊಂದು ನಿಯಮದ ಪ್ರಕಾರ, ಎರಡನೆಯ ಸಾಲು ತಂದ ‘ಲೆಕ್ಕ’ವನ್ನು ಮೂಸ್ ಸದ್ದಿಲ್ಲದೆ ಕೈಬಿಡುತ್ತದೆ. ಎರಡೂ ರೋಲ್‌ಗಳನ್ನು ಒಂದೇ ‘ವಿತ್’ನಲ್ಲಿ ಅಲ್ಪವಿರಾಮ ಹಾಕಿ ಬರೆದ ಕೂಡಲೇ, ಹೆಸರಿನ ಘರ್ಷಣೆಯಿದೆ, ಈ ಮೆಥಡ್ಡನ್ನು ಕ್ಲಾಸು ತಾನೇ ಬರೆಯಬೇಕು ಅಥವಾ ಹೊರಗಿಡಬೇಕು ಎಂಬ ಸಂದೇಶ ಬಂತು. ದೋಷ ಸಂದೇಶವನ್ನು ನೋಡಿ ಅಷ್ಟು ನೆಮ್ಮದಿ ನನಗೆ ಹಿಂದೆಂದೂ ಆಗಿರಲಿಲ್ಲ.

ಒಂದರ ಹೆಸರನ್ನು ಬದಲಿಸಲು ಏಲಿಯಾಸ್ ಎಂಬ ಸೌಕರ್ಯವಿದೆ. ಆದರೆ ಏಲಿಯಾಸ್ ಹೊಸ ಹೆಸರನ್ನು ಕೂಡಿಸುತ್ತದೆಯೇ ಹೊರತು ಹಳೆಯದನ್ನು ಅಳಿಸುವುದಿಲ್ಲ. ಜೊತೆಗೆ ಹಳೆಯ ಹೆಸರನ್ನು ಹೊರಗಿಡುವ ಎಕ್ಸ್‌ಕ್ಲೂಡ್ಸ್ ಬರೆಯದಿದ್ದರೆ ಘರ್ಷಣೆ ಹಾಗೆಯೇ ಉಳಿಯುತ್ತದೆ. ಇದನ್ನು ಅರಿಯಲು ನನಗೆ ಒಂದು ಸಂಜೆ ಹಿಡಿಯಿತು.

ಅಷ್ಟರಲ್ಲಿ ಮತ್ತೊಂದು ದೂರು ಎದ್ದಿತು. ಪಾವತಿ ರೋಲ್ ತನ್ನನ್ನು ಬಳಸುವ ಕ್ಲಾಸಿನಲ್ಲಿ ‘ದರ’ ಎಂಬ ಮೆಥಡ್ ಇರಲೇಬೇಕೆಂದು ‘ರಿಕ್ವೈರ್ಸ್’ ಮೂಲಕ ಷರತ್ತು ಹಾಕಿತ್ತು. ದರವನ್ನು ಕ್ಲಾಸಿಗೆ ಸೇರಿಸುವ ‘ಹ್ಯಾಸ್ ದರ’ ಎಂಬ ಸಾಲು ಕಣ್ಣೆದುರಿಗೇ ಇದ್ದರೂ, ದರ ಇಲ್ಲ ಎಂದೇ ಮೂಸ್ ಹಟ ಹಿಡಿಯಿತು. ಪರ್ಲ್‌ನಲ್ಲಿ ‘ಸಬ್’ ಎಂದು ಬರೆದ ಮೆಥಡ್ ಫೈಲಿನಲ್ಲಿ ಎಲ್ಲಿಯೇ ಇರಲಿ, ಪ್ರೋಗ್ರಾಮು ಓಡುವ ಮೊದಲೇ, ಕಂಪೈಲ್ ಆಗುವಾಗಲೇ ಸಿದ್ಧವಾಗುತ್ತದೆ. ‘ಹ್ಯಾಸ್’ ಮತ್ತು ‘ವಿತ್’ ಎರಡೂ ಸಾಮಾನ್ಯ ಫಂಕ್ಷನ್ ಕರೆಗಳಾದ್ದರಿಂದ ಓಡುವಾಗ ಮೇಲಿನಿಂದ ಕೆಳಕ್ಕೆ ಸರದಿಯಂತೆ ನಡೆಯುತ್ತವೆ. ನನ್ನ ‘ವಿತ್’ ಮೇಲಿತ್ತು, ‘ಹ್ಯಾಸ್’ ಕೆಳಗಿತ್ತು. ಕೊಪ್ಪರಿಗೆ ಇಡುವ ಮೊದಲೇ ಕಬ್ಬಿನ ಹಾಲು ಸುರಿದಂತಾಗಿತ್ತು. ‘ವಿತ್’ ಸಾಲನ್ನು ಕೆಳಗಿಳಿಸಿದೊಡನೆ ದೂರು ನಿಂತಿತು.

ಕೊನೆಗೆ ಏಲಿಯಾಸಿನ ಗೋಜನ್ನೇ ಬಿಟ್ಟು, ಒಂದು ಮೆಥಡ್ಡಿಗೆ ‘ತೂಗಿದ್ದು’, ಇನ್ನೊಂದಕ್ಕೆ ‘ಬಟವಾಡೆ’ ಎಂದು ಹೆಸರಿಟ್ಟೆ. ಚೀಟಿ ಈಗ ಸರಿಯಾಗಿ ಬರುತ್ತಿದೆ. ಆಲೆಮನೆಯವರು ಮಾತ್ರ ಎರಡಕ್ಕೂ ಇನ್ನೂ ಲೆಕ್ಕವೆಂದೇ ಹೇಳುತ್ತಾರೆ.