ನಿದ್ದೆಗೆ ಜಾರುವ ಮುನ್ನ ಬಂದ ಕರೆ

ಫೋನುಗಳಿಂದ ಹಿಡಿದು ಸಣ್ಣ ಸೆನ್ಸರುಗಳ ತನಕ ಬಳಕೆಯಲ್ಲಿರುವ ಆರ್ಮ್ ಪ್ರೊಸೆಸರುಗಳಿಗೆ, ಕೆಲಸವಿಲ್ಲದಾಗ ಮಲಗಿ ಬ್ಯಾಟರಿ ಉಳಿಸಲು, ಡಬ್ಲ್ಯುಎಫ್‌ಐ ಎಂಬ ಆದೇಶವೊಂದಿದೆ. 'ವೇಟ್ ಫಾರ್ ಇಂಟರಪ್ಟ್' ಎನ್ನುವುದರ ಮೊದಲಕ್ಷರಗಳು ಅವು. ಇದು ಎದುರಾದ ಕೂಡಲೇ ಪ್ರೊಸೆಸರ್ ಮುಂದಿನ ಸಾಲಿಗೆ ಹೋಗದೆ ಅಲ್ಲೇ ನಿಂತುಬಿಡುತ್ತದೆ. ಯಾರೋ ಗುಂಡಿ ಒತ್ತಿದರೆ, ಟೈಮರ್ ಮುಗಿದರೆ, ರೇಡಿಯೋಗೆ ಏನಾದರೂ ಬಂದರೆ ಇಂಟರಪ್ಟ್ ಎಂಬ ಸೂಚನೆ ಬರುತ್ತದೆ, ಪ್ರೊಸೆಸರ್ ಮತ್ತೆ ಹೊರಡುತ್ತದೆ. ಮಲಗುವುದೆಂದರೆ ಇಷ್ಟೇ ಆಗಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ತೊಂದರೆ ಇರುವುದು ಡಬ್ಲ್ಯುಎಫ್‌ಐನಲ್ಲಿ ಅಲ್ಲ, ಅದರ ಹಿಂದಿನ ಸಾಲಿನಲ್ಲಿ.

ಹಿಂದಿನ ಸಾಲು ಸಾಮಾನ್ಯವಾಗಿ ಒಂದು ಪ್ರಶ್ನೆ: ಬಾಕಿ ಕೆಲಸ ಏನಾದರೂ ಇದೆಯೇ? ಇಲ್ಲವಾದರೆ ಮಲಗು. ಉತ್ತರ 'ಇಲ್ಲ' ಎಂದೇ ಬಂತು ಎನ್ನೋಣ. ಸರಿಯಾಗಿ ಆಗ, ಪ್ರಶ್ನೆಗೂ ಡಬ್ಲ್ಯುಎಫ್‌ಐಗೂ ನಡುವಿನ ಸಂದಿನಲ್ಲಿ, ಇಂಟರಪ್ಟ್ ಬರುತ್ತದೆ. ಪ್ರೊಸೆಸರ್ ಅದಕ್ಕೆ ಓಗೊಟ್ಟು, 'ಕೆಲಸ ಬಂದಿದೆ' ಎಂದು ಮೆಮೊರಿಯಲ್ಲಿ ಗುರುತು ಹಾಕಿ, ಬಿಟ್ಟ ಜಾಗಕ್ಕೆ ಮರಳುತ್ತದೆ. ಬಿಟ್ಟ ಜಾಗದ ಮುಂದಿರುವುದು ಡಬ್ಲ್ಯುಎಫ್‌ಐ. ಪ್ರಶ್ನೆಯನ್ನು ಈಗಾಗಲೇ ಕೇಳಿಯಾಗಿದೆ, ಮತ್ತೆ ಕೇಳುವುದಿಲ್ಲ. ಮಲಗುತ್ತದೆ. ಕೆಲಸ ಬಾಗಿಲಲ್ಲೇ ಕೂತಿರುತ್ತದೆ, ಮುಂದಿನ ಇಂಟರಪ್ಟ್ ಬರುವ ತನಕ. ಸೆಕೆಂಡಿಗೆ ನೂರು ಇಂಟರಪ್ಟ್ ಬರುವ ಯಂತ್ರದಲ್ಲಿ ಇದು ಯಾರ ಕಣ್ಣಿಗೂ ಬೀಳದು. ಗಂಟೆಗೊಮ್ಮೆ ಏಳುವ ಸೆನ್ಸರಿನಲ್ಲಿ ಒಂದು ಗಂಟೆ ತಡ. ಬೇರೆ ಇಂಟರಪ್ಟೇ ಇಲ್ಲದ ಕಡೆ, ಯಾರಾದರೂ ಬ್ಯಾಟರಿ ಕಿತ್ತು ಹಾಕುವವರೆಗೂ ಅದು ಏಳುವುದಿಲ್ಲ.

ಈ ಸಂದು ಕೆಲವು ನ್ಯಾನೋಸೆಕೆಂಡುಗಳದ್ದು. ಅದಕ್ಕೇ ಇದು ಪರೀಕ್ಷೆಯ ಮೇಜಿನ ಮೇಲೆ ಸಿಗುವುದಿಲ್ಲ. ಸಾವಿರಾರು ಉಪಕರಣಗಳು ಊರೂರಿಗೆ ಹೋದಮೇಲೆ, ಎಲ್ಲೋ ಒಂದೆರಡು 'ಸುಮ್ಮನೆ ನಿಂತುಹೋಗಿವೆ' ಎಂಬ ದೂರಾಗಿ ಬರುತ್ತದೆ.

ಆರ್ಮ್ ಇದಕ್ಕೆ ಕಂಡುಕೊಂಡ ದಾರಿ ಮೊದಲ ಓದಿಗೆ ವಿಚಿತ್ರ ಅನ್ನಿಸುತ್ತದೆ. ಮೊದಲು ಇಂಟರಪ್ಟುಗಳಿಗೆ ತಡೆ ಹಾಕಬೇಕು, ಆಮೇಲೆ ಪ್ರಶ್ನೆ ಕೇಳಬೇಕು, ತಡೆ ಹಾಗೇ ಇರುವಾಗಲೇ ಮಲಗಬೇಕು. ತಡೆ ಹಾಕಿಕೊಂಡು ಮಲಗಿದರೆ ಎಬ್ಬಿಸುವವರು ಯಾರು? ಡಬ್ಲ್ಯುಎಫ್‌ಐನ ವಿಶೇಷ ಅದೇ: ತಡೆದ ಇಂಟರಪ್ಟ್ ಕೂಡ ಪ್ರೊಸೆಸರನ್ನು ಎಬ್ಬಿಸಬಲ್ಲದು, ಅದರ ಕೆಲಸ ಮಾತ್ರ ತಡೆ ತೆಗೆದ ಮೇಲೆ ನಡೆಯುತ್ತದೆ. ಪ್ರಶ್ನೆ ಕೇಳಿದ ಮೇಲೆ ಇಂಟರಪ್ಟ್ ಬಂದರೆ ಡಬ್ಲ್ಯುಎಫ್‌ಐ ಮಲಗದೆ ಕೂಡಲೇ ಮರಳುತ್ತದೆ. ಸಂದು ಮುಚ್ಚಿತು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಎಸ್‌ಪಿ430 ಎಂಬ ಪುಟ್ಟ ಚಿಪ್ಪಿನ ದಾರಿ ಬೇರೆ, ನನಗೆ ಅದು ಇನ್ನೂ ಚೆಂದ ಕಾಣುತ್ತದೆ. ಅದರಲ್ಲಿ ನಿದ್ದೆಯ ಬಿಟ್‌ಗಳೂ ಇಂಟರಪ್ಟಿಗೆ ಅನುಮತಿ ಕೊಡುವ ಬಿಟ್ ಕೂಡ ಸ್ಟೇಟಸ್ ರಿಜಿಸ್ಟರ್ ಎಂಬ, ಪ್ರೊಸೆಸರಿನೊಳಗಿನ ಒಂದೇ ಪುಟ್ಟ ಖಾನೆಯಲ್ಲಿವೆ. ಆದ್ದರಿಂದ 'ಬಾಗಿಲು ತೆರೆ' ಮತ್ತು 'ಮಲಗು' ಎರಡನ್ನೂ ಒಂದೇ ಆದೇಶದಲ್ಲಿ ಹೇಳಬಹುದು, ನಡುವೆ ಸಂದೇ ಇರುವುದಿಲ್ಲ. ಇಂಟರಪ್ಟ್ ಬಂದಾಗ ಈ ರಿಜಿಸ್ಟರ್ ತಾನಾಗಿ ಸ್ಟ್ಯಾಕ್ ಎಂಬ ಮೆಮೊರಿಯ ತಾತ್ಕಾಲಿಕ ಜಾಗಕ್ಕೆ ಹೋಗುತ್ತದೆ, ಕೆಲಸ ಮುಗಿದಾಗ ಅಲ್ಲಿಂದ ವಾಪಸ್ ಬರುತ್ತದೆ. ಅಂದರೆ ಏನೂ ಮಾಡದಿದ್ದರೆ ಚಿಪ್ ಮತ್ತೆ ನಿದ್ದೆಗೇ ಮರಳುತ್ತದೆ. ಎಚ್ಚರವಾಗಿಯೇ ಉಳಿಯಬೇಕೆಂದರೆ ಸ್ಟ್ಯಾಕಿನಲ್ಲಿರುವ ಪ್ರತಿಯಲ್ಲಿ ನಿದ್ದೆಯ ಬಿಟ್‌ಗಳನ್ನು ಅಳಿಸಿ ಹೋಗಬೇಕು. ಇಲ್ಲಿ ನಿದ್ದೆಯೇ ಸಹಜ ಸ್ಥಿತಿ, ಎಚ್ಚರಕ್ಕೆ ಕಾರಣ ಕೊಡಬೇಕು. ಈ ಮಾತು ಮುಂದೆ ಫೋನಿನ ಕಥೆಯಲ್ಲೂ ಬರುತ್ತದೆ.

ಇಷ್ಟೆಲ್ಲ ಪಾಡು ಯಾಕೆ? ಲೆಕ್ಕ ನೋಡಿ. ಹವ್ಯಾಸಿಗಳ ಅಚ್ಚುಮೆಚ್ಚಿನ ಇಎಸ್‌ಪಿ32 ಚಿಪ್ ವೈಫೈ ಬಳಸುವಾಗ 100 ಮಿಲಿಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಗಾಢ ನಿದ್ದೆಯಲ್ಲಿ ಸುಮಾರು 10 ಮೈಕ್ರೋಆಂಪಿಯರ್. 2000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಮೊದಲನೆಯ ಲೆಕ್ಕದಲ್ಲಿ 20 ಗಂಟೆ ಬಾಳುತ್ತದೆ, ಎರಡನೆಯದರಲ್ಲಿ 2 ಲಕ್ಷ ಗಂಟೆ, ಅಂದರೆ 22 ವರ್ಷಕ್ಕೂ ಹೆಚ್ಚು. ಅಷ್ಟರೊಳಗೆ ಬ್ಯಾಟರಿ ತಾನಾಗಿಯೇ ಸತ್ತಿರುತ್ತದೆ, ಅದು ಬೇರೆ ಮಾತು. ಅಗ್ಗದ ಬೋರ್ಡುಗಳಲ್ಲಿ ಚಿಪ್ ಮಲಗಿದ್ದರೂ ಪಕ್ಕದ ಕೆಂಪು ಎಲ್‌ಇಡಿ ರಾತ್ರಿಯಿಡೀ ಉರಿದು ಈ ಲೆಕ್ಕವನ್ನೆಲ್ಲ ಮಣ್ಣುಪಾಲು ಮಾಡುವುದೂ ಉಂಟು.

ಇಎಸ್‌ಪಿ32 ಗಾಢ ನಿದ್ದೆಯಿಂದ ಏಳುವುದೆಂದರೆ ಹೆಚ್ಚುಕಡಿಮೆ ಮರುಹುಟ್ಟು. ಮುಖ್ಯ ಮೆಮೊರಿಯ ವಿದ್ಯುತ್ತು ಕಡಿದುಹೋಗಿರುತ್ತದೆ. ಗಡಿಯಾರದ ಭಾಗಕ್ಕೆ ಸೇರಿದ ಕೆಲವೇ ಕಿಲೋಬೈಟ್ ಮಾತ್ರ ಉಳಿದಿರುತ್ತದೆ. ಪ್ರೋಗ್ರಾಮ್ ಮೊದಲ ಸಾಲಿನಿಂದ ಶುರುವಾಗಿ, 'ನಾನು ಈಗ ಎದ್ದದ್ದು ಯಾಕೆ?' ಎಂದು ಕೇಳಿ ತಿಳಿದುಕೊಳ್ಳಬೇಕು. ಸಣ್ಣ ಕೆಲಸಕ್ಕೆ ಇದು ಸಾಕು. ಲಿನಕ್ಸಿನಂಥ ದೊಡ್ಡ ಆಪರೇಟಿಂಗ್ ಸಿಸ್ಟಮ್ ಓಡುವ ಯಂತ್ರಕ್ಕೆ ಸಾಲದು. ಅಲ್ಲಿ ಹತ್ತಾರು ಪ್ರೋಗ್ರಾಮುಗಳು ಅರ್ಧಂಬರ್ಧ ಕೆಲಸದಲ್ಲಿರುತ್ತವೆ. ಮಲಗಿದ್ದು ಎದ್ದದ್ದು ಅವಕ್ಕೆ ತಿಳಿಯಲೇಬಾರದು.

ಲಿನಕ್ಸಿನಲ್ಲಿ ಇದನ್ನು ಶುರುಮಾಡುವುದು ಸುಲಭ. ಅದರ ತಿರುಳಾದ ಕರ್ನಲ್ ತೆರೆದಿಟ್ಟ ಒಂದು ಫೈಲಿಗೆ 'ಮೆಮ್' (mem) ಎಂಬ ಮೂರಕ್ಷರ ಬರೆದರಾಯಿತು. ಮೊದಲು ಡಿಸ್ಕಿಗೆ ಹೋಗಬೇಕಾದ್ದೆಲ್ಲ ಹೋಗುತ್ತದೆ. ಬಳಿಕ ಪ್ರೋಗ್ರಾಮುಗಳನ್ನು ಇದ್ದಲ್ಲೇ ಹೆಪ್ಪುಗಟ್ಟಿಸುತ್ತಾರೆ. ಯಾವುದನ್ನೂ ಕೊಲ್ಲುವುದಿಲ್ಲ, ಸುರಕ್ಷಿತ ಜಾಗವೊಂದರಲ್ಲಿ ತಡೆದು ನಿಲ್ಲಿಸುತ್ತಾರೆ. ಇದಕ್ಕೆ ಕರ್ನಲ್ ಸಾಮಾನ್ಯವಾಗಿ 20 ಸೆಕೆಂಡು ಕಾಯುತ್ತದೆ. ದೂರದ ಸರ್ವರಿನ ಉತ್ತರಕ್ಕೆ ಜೋತುಬಿದ್ದ ಒಂದೇ ಒಂದು ಪ್ರೋಗ್ರಾಮ್ ನಿಲ್ಲಲು ಒಪ್ಪದಿದ್ದರೂ ಇಡೀ ಯಂತ್ರದ ನಿದ್ದೆ ರದ್ದು.

ನಿದ್ದೆ ಬಾರದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮಂಗಳ ಗ್ರಹದಲ್ಲೊಂದು ಸಾಕ್ಷಿಯಿದೆ. 2004ರ ಜನವರಿಯಲ್ಲಿ ಅಲ್ಲಿಗಿಳಿದ ನಾಸಾದ ಸ್ಪಿರಿಟ್ ರೋವರ್ ಕೆಲವೇ ವಾರಗಳಲ್ಲಿ ಮಾತು ನಿಲ್ಲಿಸಿತು. ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್. ಫ್ಲ್ಯಾಶ್ ಮೆಮೊರಿಯಲ್ಲಿ ಫೈಲುಗಳು ಹೆಚ್ಚಾಗಿ, ಅವುಗಳ ಪಟ್ಟಿಗೆ ರ್‍ಯಾಮಿನಲ್ಲಿ ಜಾಗ ಸಾಲದೆ ಯಂತ್ರ ರೀಬೂಟ್ ಆಗುತ್ತಿತ್ತು. ಎದ್ದ ಕೂಡಲೇ ಮತ್ತದೇ ಪಟ್ಟಿ, ಮತ್ತೆ ರೀಬೂಟ್. ಈ ಸುಳಿಯಲ್ಲಿ ಸಿಕ್ಕಿ ರಾತ್ರಿಯೂ ಮಲಗಲಾಗದೆ ಅದರ ಬ್ಯಾಟರಿ ಬಸಿಯುತ್ತಾ ಬಂತು. ಫ್ಲ್ಯಾಶನ್ನು ಮುಟ್ಟದೆ ಶುರುವಾಗು ಎಂದು ಭೂಮಿಯಿಂದ ಆದೇಶ ಕಳಿಸಿ ಅದನ್ನು ಉಳಿಸಿಕೊಂಡರು.

ಲಿನಕ್ಸಿಗೆ ಮರಳೋಣ. ಪ್ರೋಗ್ರಾಮುಗಳು ನಿಂತ ಮೇಲೆ ಉಪಕರಣಗಳ ಸರದಿ, ಇಲ್ಲಿ ಕ್ರಮವೇ ಎಲ್ಲ. ಟಚ್‌ಸ್ಕ್ರೀನಿನ ಚಿಪ್ ಐ2ಸಿ ಎಂಬ ಎರಡು ತಂತಿಯ ದಾರಿಯ ತುದಿಯಲ್ಲಿದೆ ಎನ್ನಿ. ದಾರಿಯನ್ನು ಮೊದಲೇ ಮುಚ್ಚಿದರೆ 'ನೀನೂ ಮಲಗು' ಎಂದು ಆ ಚಿಪ್ಪಿಗೆ ಹೇಳುವುದು ಹೇಗೆ? ಆದ್ದರಿಂದ ಮಲಗಿಸುವಾಗ ತುದಿಯಿಂದ ಬುಡಕ್ಕೆ, ಎಬ್ಬಿಸುವಾಗ ಬುಡದಿಂದ ತುದಿಗೆ. ಕರ್ನಲ್ ಇದನ್ನು ಹಂತ ಹಂತವಾಗಿ ಮಾಡುತ್ತದೆ. ಕೊನೆಯ ಹಂತದ ಹೊತ್ತಿಗೆ, ಎಬ್ಬಿಸುವ ಹಕ್ಕು ಇರುವಂಥವನ್ನು ಬಿಟ್ಟು ಉಳಿದ ಉಪಕರಣಗಳ ಇಂಟರಪ್ಟುಗಳೆಲ್ಲ ಬಂದ್ ಆಗಿರುತ್ತವೆ. ಪ್ರೊಸೆಸರಿನ ಕೋರುಗಳನ್ನೂ ಒಂದೊಂದಾಗಿ ಆರಿಸುತ್ತಾರೆ, ಒಂದು ಉಳಿಯುತ್ತದೆ.

ಆ ಕೊನೆಯ ಕೋರಿನ ಪಾಡೇ ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಯಂತ್ರದ ಮುಖ್ಯ ಮೆಮೊರಿಯಾದ ಡಿಡಿಆರ್ ಮೆಮೊರಿಯ ಒಂದೊಂದು ಬಿಟ್ ಕೂಡ ಪುಟಾಣಿ ಕೆಪಾಸಿಟರಿನೊಳಗಿನ ವಿದ್ಯುದಂಶ, ಅದು ಸದಾ ಸೋರುತ್ತಿರುತ್ತದೆ. ಸಾಮಾನ್ಯ ತಾಪಮಾನದಲ್ಲಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಬೇಕು. ಎಚ್ಚರವಿದ್ದಾಗ ಅದು ಮೆಮೊರಿ ಕಂಟ್ರೋಲರಿನ ಹೊಣೆ. ನಿದ್ದೆಯಲ್ಲಿ ಕಂಟ್ರೋಲರೂ ಆರುವುದರಿಂದ, ಮೆಮೊರಿ ಚಿಪ್ಪಿಗೇ 'ನಿನ್ನನ್ನು ನೀನೇ ನೋಡಿಕೋ' ಎಂದು ಹೇಳಿ ಬಿಡಬೇಕು. ಇದೇ ಸೆಲ್ಫ್ ರಿಫ್ರೆಶ್. ಆ ಗಳಿಗೆಯಿಂದ ಹೊರಗಿನ ಯಾರಿಗೂ ಮೆಮೊರಿ ಸಿಗುವುದಿಲ್ಲ. ಹಾಗೆ ಹೇಳುವ ಕೋಡ್ ಇರುವುದೆಲ್ಲಿ? ಅದೇ ಮೆಮೊರಿಯಲ್ಲಿ! ಕೂತ ಕೊಂಬೆಯನ್ನೇ ಕಡಿಯುವ ಕೆಲಸ ಇದು. ಉಪಾಯವೇನೆಂದರೆ, ಕಡಿಯುವ ಮುಂಚೆ ಪಕ್ಕದ ಕೊಂಬೆಗೆ ದಾಟಿಕೊಳ್ಳುವುದು. ಪ್ರೊಸೆಸರ್ ಚಿಪ್ಪಿನೊಳಗೇ ಎಸ್‌ರ್‍ಯಾಮ್ ಎಂಬ ಚಿಕ್ಕ ಮೆಮೊರಿ ಇರುತ್ತದೆ. ಆ ಹತ್ತಾರು ಸಾಲಿನ ಕೋಡನ್ನು ಮುಂಚಿತವಾಗಿ ಅಲ್ಲಿಗೆ ನಕಲು ಮಾಡಿ, ಅಲ್ಲಿಂದ ಓಡಿಸುತ್ತಾರೆ.

ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿರುವ ಎಎಂ335ಎಕ್ಸ್ ಸರಣಿಯ ಚಿಪ್ಪಿನಲ್ಲಿ ನಡೆಯುವುದು ಹೀಗೇ. ಅದರೊಳಗೆ ಲಿನಕ್ಸ್ ಓಡಿಸುವ ಕಾರ್ಟೆಕ್ಸ್-ಎ8 ಅಲ್ಲದೆ ಕಾರ್ಟೆಕ್ಸ್-ಎಂ3 ಎಂಬ ಇನ್ನೊಂದು ಸಣ್ಣ ಪ್ರೊಸೆಸರ್ ಇದೆ. ಎ8 ಎಸ್‌ರ್‍ಯಾಮಿಗೆ ದಾಟಿ, ಡಿಡಿಆರನ್ನು ಸೆಲ್ಫ್ ರಿಫ್ರೆಶ್‌ಗೆ ಬಿಟ್ಟು, ಡಬ್ಲ್ಯುಎಫ್‌ಐ ಹೇಳುತ್ತದೆ. ಆಮೇಲೆ ಎಂ3 ಬಂದು ಎ8ರ ವಿದ್ಯುತ್ತನ್ನೇ ಆರಿಸುತ್ತದೆ. ಗುಂಡಿಯೋ ಗಡಿಯಾರವೋ ಕರೆದಾಗ ಮತ್ತೆ ಹಚ್ಚುವುದೂ ಅದೇ. ತನ್ನ ಸ್ವಿಚ್ಚನ್ನು ತಾನೇ ಆರಿಸಿದವನು ತಾನೇ ಹಚ್ಚಲಾರ. ಹೊಸ ಆರ್ಮ್ ಚಿಪ್ಪುಗಳಲ್ಲಿ ಈ ಕೆಲಸವನ್ನು ಕರ್ನಲಿನ ಕೈಯಿಂದ ತೆಗೆದು, ಪಿಎಸ್‌ಸಿಐ ಎಂಬ ಒಪ್ಪಂದದ ಮೂಲಕ ಕರ್ನಲಿಗೂ ಕೆಳಗಿನ ತಂತ್ರಾಂಶವಾದ ಫರ್ಮ್‌ವೇರಿಗೆ ಕೊಟ್ಟಿರುತ್ತಾರೆ. ಕರ್ನಲ್ ಮಾಡಬೇಕಾದ್ದು ತಾನು ಎದ್ದಾಗ ಎಲ್ಲಿಂದ ಶುರುವಾಗಬೇಕು ಎಂಬ ವಿಳಾಸ ಕೊಡುವುದು.

ಆ ವಿಳಾಸ ಬೇಕೇಬೇಕು. ವಿದ್ಯುತ್ತು ಬಂದಾಗ ಪ್ರೊಸೆಸರಿಗೆ ಏನೂ ನೆನಪಿರುವುದಿಲ್ಲ. ಕ್ಯಾಶ್ ಎಂಬ ಒಳಗಿನ ವೇಗದ ಮೆಮೊರಿ ಖಾಲಿ, ವರ್ಚುವಲ್ ವಿಳಾಸಗಳನ್ನು ನಿಜವಾದ ವಿಳಾಸಕ್ಕೆ ಬದಲಿಸುವ ಎಂಎಂಯು ಬಂದ್. ಮೊದಲ ಸಲ ಆನ್ ಆದಾಗ ಹೇಗೋ ಹಾಗೆಯೇ. ಬೂಟ್ ರೋಮ್ ಎಂಬ, ಚಿಪ್ಪಿನೊಳಗೇ ಅಚ್ಚಾದ ಆರಂಭದ ಕೋಡ್, ಇದು ಹೊಸ ಆರಂಭವೋ ನಿದ್ದೆಯಿಂದ ಎದ್ದದ್ದೋ ಎಂದು ನೋಡಿ, ಎರಡನೆಯದಾದರೆ ಕೊಟ್ಟಿಟ್ಟ ವಿಳಾಸಕ್ಕೆ ನೆಗೆಯುತ್ತದೆ. ಅಲ್ಲಿಂದ ರಿಜಿಸ್ಟರುಗಳನ್ನು ಒಂದೊಂದಾಗಿ ತುಂಬಿಕೊಂಡು, ಎಂಎಂಯು ಹಚ್ಚಿ, ಕರ್ನಲ್ ತಾನು ಮಲಗಿದ ಸಾಲಿನ ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಒಂದು ಫಂಕ್ಷನ್ ಕರೆದು ವಾಪಸ್ ಬಂದಂತೆ, ಅಷ್ಟೇ.

ಹೊತ್ತು ಎಷ್ಟು ಸರಿಯಿತು ಎಂಬುದನ್ನು ಹೇಳುವುದು ಮಲಗದೆ ಉಳಿದ ಆರ್‌ಟಿಸಿ ಗಡಿಯಾರ. ಅದರ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಸೆಕೆಂಡು. ಲಿನಕ್ಸ್ ತನ್ನ ಪ್ರೋಗ್ರಾಮುಗಳಿಗೆ ಎರಡು ಬಗೆಯ ಕಾಲ ತೋರಿಸುತ್ತದೆ: 'ಮೊನೊಟಾನಿಕ್' ಗಡಿಯಾರ ನಿದ್ದೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, 'ಬೂಟ್‌ಟೈಮ್' ಹಿಡಿಯುತ್ತದೆ. ಯಾವುದನ್ನು ಬಳಸಬೇಕೆಂದು ಯೋಚಿಸದೆ ಬರೆದ ಪ್ರೋಗ್ರಾಮುಗಳು, ಎಂಟು ಗಂಟೆ ಮಲಗಿ ಎದ್ದ ಯಂತ್ರದಲ್ಲಿ 'ಇನ್ನೂ ಹತ್ತು ನಿಮಿಷ ಇದೆ' ಎಂದು ಕೂತಿರುತ್ತವೆ.

ಈಗ ಫೋನಿಗೆ ಬರೋಣ, ಆ ಹಳೆಯ ಸಂದಿಗೂ. ಲ್ಯಾಪ್‌ಟಾಪನ್ನು ಮಲಗಿಸುವುದು ಮನುಷ್ಯ: ಮುಚ್ಚಳ ಮುಚ್ಚುತ್ತಾನೆ. ಲಿನಕ್ಸ್ ಕರ್ನಲಿನ ಮೇಲೇ ಕಟ್ಟಿದ ಆಂಡ್ರಾಯ್ಡ್ ಇದನ್ನು ತಿರುವಿ ಹಾಕಿತು. ಅವಕಾಶ ಸಿಕ್ಕಾಗಲೆಲ್ಲ ಇಡೀ ಯಂತ್ರ ಮಲಗಬೇಕು, ಎಚ್ಚರವಿರಬೇಕಾದವರು 'ಈಗ ಮಲಗಬೇಡ' ಎನ್ನುವ ವೇಕ್‌ಲಾಕ್ ಹಿಡಿದಿರಬೇಕು. ಎಂಎಸ್‌ಪಿ430ಯ ತರ್ಕವೇ ಇದು, ಫೋನಿನ ಗಾತ್ರಕ್ಕೆ ಬೆಳೆದದ್ದು. ಆದರೆ ಇಲ್ಲಿ ಸಂದು ಎರಡು ಆದೇಶಗಳ ನಡುವಿನದಲ್ಲ. ಕರೆ ಬಂತು, ಇಂಟರಪ್ಟ್ ಆಯಿತು, ಡ್ರೈವರ್, ಅಂದರೆ ಆ ಉಪಕರಣವನ್ನು ನೋಡಿಕೊಳ್ಳುವ ಕೋಡ್, ಅದನ್ನು ಸಾಲಿನಲ್ಲಿಟ್ಟು ತನ್ನ ಕೆಲಸ ಮುಗಿಯಿತೆಂದುಕೊಂಡಿತು. ಆ್ಯಪ್ ಅದನ್ನಿನ್ನೂ ಓದಿಲ್ಲ. ಈ ನಡುವೆ ಯಂತ್ರ ಮಲಗಿದರೆ ಕರೆ ರಿಂಗಾಗುವುದೇ ಇಲ್ಲ. ಅದಕ್ಕೆ ಡ್ರೈವರಿನ ಲಾಕ್ ಬಿಡುವ ಮುನ್ನ ಮೇಲಿನವರು ತಮ್ಮ ಲಾಕ್ ಹಿಡಿಯಬೇಕೆಂಬ ಕಟ್ಟಳೆ.

2009ರಲ್ಲಿ ಗೂಗಲ್ ಎಂಜಿನಿಯರುಗಳು ಇದನ್ನು ಲಿನಕ್ಸ್ ಕರ್ನಲಿಗೆ ಸೇರಿಸಲು ಕೇಳಿದಾಗ ದೊಡ್ಡ ಜಗಳವೇ ಆಯಿತು. ಯಾವುದೋ ಆ್ಯಪಿನ ಕೈಗೆ ಇಡೀ ಯಂತ್ರದ ನಿದ್ದೆಯನ್ನು ಕೊಡುವುದು ಎಷ್ಟು ಸರಿ ಎಂಬುದು ಕರ್ನಲ್ ಮಂದಿಯ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿರಲಿಲ್ಲ: ಲಾಕ್ ಹಿಡಿದು ಬಿಡದ ಆ್ಯಪುಗಳು ಎಷ್ಟೋ ಫೋನುಗಳ ಬ್ಯಾಟರಿ ತಿಂದವು, 2015ರಲ್ಲಿ ಆಂಡ್ರಾಯ್ಡ್ 6ರ ಜೊತೆ 'ಡೋಸ್' ಎಂಬ ವ್ಯವಸ್ಥೆ ತಂದು ಅವುಗಳ ಕೈಕಟ್ಟಬೇಕಾಯಿತು. ಆದರೆ ಸಂದು ಇರುವುದು ನಿಜ ಎಂದು ವಿರೋಧಿಗಳೂ ಕ್ರಮೇಣ ಒಪ್ಪಿದರು. 2010ರಲ್ಲಿ ಪೋಲೆಂಡಿನ ರಫಾಯೆಲ್ ವಿಸೊತ್ಸ್ಕಿ ಬೇರೊಂದು ಪರಿಹಾರ ತಂದರು. ಕರ್ನಲ್ ಎಚ್ಚರಿಸುವ ಘಟನೆಗಳನ್ನು ಎಣಿಸುತ್ತಿರುತ್ತದೆ. ಯಂತ್ರವನ್ನು ಮಲಗಿಸುವ ಪ್ರೋಗ್ರಾಮ್ ಮೊದಲು ಆ ಸಂಖ್ಯೆಯನ್ನು ಓದಿಕೊಳ್ಳಬೇಕು, ಬಾಕಿ ಕೆಲಸ ಇದೆಯೇ ನೋಡಬೇಕು, ಇಲ್ಲವಾದರೆ ಓದಿದ ಸಂಖ್ಯೆಯನ್ನೇ ವಾಪಸ್ ಬರೆಯಬೇಕು. ಅಷ್ಟರಲ್ಲಿ ಎಣಿಕೆ ಬದಲಾಗಿದ್ದರೆ ಬರಹ ತಿರಸ್ಕೃತ. ಬರೆದ ಮೇಲೆ ಹೊಸ ಘಟನೆ ಬಂದರೆ ಅರ್ಧಕ್ಕೆ ಬಂದ ನಿದ್ದೆಯೂ ರದ್ದು. ಎರಡು ವರ್ಷಗಳ ನಂತರ, 3.5ನೇ ಆವೃತ್ತಿಯಲ್ಲಿ, ಆಂಡ್ರಾಯ್ಡ್ ಕೇಳಿದಂಥ ತಾನಾಗಿ ಮಲಗುವ ವ್ಯವಸ್ಥೆಯೂ ಕರ್ನಲಿಗೆ ಬಂತು.

ಇಷ್ಟಾದರೂ ಏಳದೆ ಉಳಿಯುವ ಯಂತ್ರಗಳಿರುತ್ತವೆ. ಅವನ್ನು ಪತ್ತೆಮಾಡುವುದು ಕಷ್ಟ, ಯಾಕೆಂದರೆ ತಪ್ಪನ್ನು ಬರೆದಿಡಬೇಕಾದ ಪರದೆ, ಡಿಸ್ಕ್, ಸೀರಿಯಲ್ ಪೋರ್ಟ್ ಎಲ್ಲವೂ ಮಲಗಿವೆ. ಬೋರ್ಡಿನ ಮೇಲೆ ಕೆಲಸ ಮಾಡುವವರು ಒಂದು ಪಿನ್ನನ್ನು ಹಂತ ಹಂತಕ್ಕೂ ಮೇಲೆ ಕೆಳಗೆ ಮಾಡಿಸಿ ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡುತ್ತಾರೆ. ಪಿನ್ನೂ ಸಿಗದ ಪಿಸಿಗಳಿಗಾಗಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ 2006ರಲ್ಲಿ ಒಂದು ತುಂಟ ಉಪಾಯ ಹೂಡಿದರು. ರೀಬೂಟ್ ಮಾಡಿದರೂ ಅಳಿಯದೆ ಉಳಿಯುವುದು ಆರ್‌ಟಿಸಿ ಗಡಿಯಾರ ತಾನೇ? ಏಳುವಾಗ ಪ್ರತಿ ಉಪಕರಣದ ಬಳಿ ಬಂದಾಗಲೂ ಅದರ ಗುರುತನ್ನು ತಾರೀಕಿನ ರೂಪದಲ್ಲಿ ಗಡಿಯಾರಕ್ಕೇ ಬರೆದುಬಿಡುವುದು. ಯಂತ್ರ ನಡುವೆ ಕೆಟ್ಟು ನಿಂತರೆ ರೀಬೂಟ್ ಮಾಡಿ, ಗಡಿಯಾರ ಓದಿ, ಯಾವ ಡ್ರೈವರಿನ ಹತ್ತಿರ ನಿಂತಿತೆಂದು ಕರ್ನಲ್ ಹೇಳುತ್ತದೆ. ಆಮೇಲೆ ತಾರೀಕನ್ನು ಮಾತ್ರ ನಾವೇ ಸರಿಮಾಡಿಕೊಳ್ಳಬೇಕು.