ಓದುಗರ ಪ್ರಶ್ನೆ: ಅನ್ಯಲೋಕದ ನಾಗರಿಕತೆಗಳ ಸುಳಿವು ಇದುವರೆಗೆ ಏಕೆ ಸಿಕ್ಕಿಲ್ಲ?

ಪ್ರಶ್ನೆ: ನಮ್ಮ ಆಕಾಶಗಂಗೆಯಲ್ಲಿ ಸಾವಿರಾರು ಕೋಟಿ ನಕ್ಷತ್ರಗಳಿವೆ, ಅವುಗಳ ಸುತ್ತ ಗ್ರಹಗಳೂ ಇವೆ ಎನ್ನುತ್ತಾರೆ. ಹಾಗಿದ್ದರೆ ನಮಗಿಂತ ಮುಂದುವರಿದವರು ಎಲ್ಲಾದರೂ ಇರಲೇಬೇಕಲ್ಲವೇ? ಇದ್ದರೆ ಅವರ ಒಂದು ಸುಳಿವಾದರೂ ನಮಗೇಕೆ ಸಿಕ್ಕಿಲ್ಲ?
— ಗಂಗಾವತಿಯ ಓದುಗರೊಬ್ಬರು

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಅನೇಕರು ಕೇಳುತ್ತಾರೆ. ನೀವು ಗಂಗಾವತಿಯವರಾದ್ದರಿಂದ ಉತ್ತರವನ್ನು ಹಿರೇಬೆಣಕಲ್ಲಿನಿಂದಲೇ ಆರಂಭಿಸುತ್ತೇನೆ. ಮೋರೇರ ಗುಡ್ಡವೆಂದು ಜನ ಕರೆಯುವ ಆ ಬೆಟ್ಟದ ಮೇಲೆ, ಕಲ್ಲಿನ ಚಪ್ಪಡಿಗಳನ್ನು ನಾಲ್ಕೂ ಕಡೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ನೂರಾರು ಶಿಲಾಸಮಾಧಿಗಳಿವೆ. ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿಯೂ ಇದೆ. ಅಲ್ಲಿಯೇ, ಸುಮಾರು 10 ಮೀಟರ್ ಎತ್ತರದ ಬಂಡೆಯೊಂದರ ನೆತ್ತಿಯ ಮೇಲೆ, ನಗಾರಿಯ ಆಕಾರದ ದೊಡ್ಡ ಕಲ್ಲೊಂದು ಕುಳಿತಿದೆ. ಕಟ್ಟಿಗೆಯ ಕೊಡತಿಯಿಂದ ಹೊಡೆದರೆ ಅದರ ನಾದ ಸುಮಾರು ಒಂದು ಕಿಲೋಮೀಟರ್ ದೂರದವರೆಗೆ ಕೇಳುತ್ತದೆ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಆ ಬಂಡೆಯ ಬುಡದಲ್ಲಿ ತಲೆಯೆತ್ತಿ ನೋಡುತ್ತ ನಿಂತಿದ್ದಾಗ, ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ಮೋರೇರು ಇದನ್ನ ಬಾರಿಸಿದ್ರ ಕೆಳಗಿನ ಮಂದಿಗೆ ಗೊತ್ತಾಗ್ತಿತ್ತಂತ್ರೀ. ಯಾಕ ಬಾರಿಸ್ತಿದ್ರು ಅಂತ ಮಾತ್ರ ಕೇಳಬ್ಯಾಡ್ರಿ, ಹೇಳಾವ್ರು ಯಾರೂ ಉಳಿದಿಲ್ಲ" ಎಂದರು. ಅವರು ಹೇಳಿದ ಎರಡು ಸಂಗತಿಗಳನ್ನು, ಅಂದರೆ ನಾದ ತಲುಪುವ ದೂರವನ್ನೂ ಬಾರಿಸುವವರು ಇದ್ದ ಕಾಲವನ್ನೂ, ದಯವಿಟ್ಟು ನೆನಪಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ನಿಮ್ಮ ಪ್ರಶ್ನೆಯನ್ನು 1950ರಲ್ಲಿ, ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ, ಮಧ್ಯಾಹ್ನದ ಊಟಕ್ಕೆ ಕುಳಿತಿದ್ದ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಕೇಳಿದ್ದರು. ಎಡ್ವರ್ಡ್ ಟೆಲ್ಲರ್ ಮೊದಲಾದವರು ಜೊತೆಯಲ್ಲಿದ್ದ ಆ ಊಟದ ನಡುವೆ ಅವರು ಥಟ್ಟನೆ "ಎಲ್ಲರೂ ಎಲ್ಲಿದ್ದಾರೆ?" ಎಂದರೆಂದು ಅಲ್ಲಿದ್ದವರು ಮುಂದೆ ನೆನಪಿಸಿಕೊಂಡಿದ್ದಾರೆ. ಅದಕ್ಕೆ ಗಟ್ಟಿಯಾದ ವಾದದ ರೂಪ ಕೊಟ್ಟವರು 1975ರಲ್ಲಿ ಖಗೋಳವಿಜ್ಞಾನಿ ಮೈಕೆಲ್ ಹಾರ್ಟ್. ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ಅಂದರೆ ಬೆಳಕು 1 ಲಕ್ಷ ವರ್ಷದಲ್ಲಿ ಸಾಗುವಷ್ಟು ದೂರ. ಬೆಳಕಿನ ವೇಗದ ನೂರನೆಯ ಒಂದು ಭಾಗದಷ್ಟು ವೇಗದಲ್ಲಿ ಸಾಗುವವರು ಒಂದು ತುದಿಯಿಂದ ಇನ್ನೊಂದು ತುದಿಯನ್ನು 1 ಕೋಟಿ ವರ್ಷದಲ್ಲಿ ಮುಟ್ಟುತ್ತಾರೆ; ನಡುನಡುವೆ ಗ್ರಹಗಳಲ್ಲಿ ನೆಲೆಸಿ, ಬೆಳೆದು, ಮತ್ತೆ ಹೊರಡಲು ಹತ್ತು ಪಟ್ಟು ಕಾಲ ಹಿಡಿಯಿತೆಂದರೂ ಅದು 10 ಕೋಟಿ ವರ್ಷ. ಆಕಾಶಗಂಗೆಗಾದರೋ 1,000 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಒಬ್ಬರೇ ಒಬ್ಬರು ಹೀಗೆ ಹೊರಟಿದ್ದರೂ ಇಷ್ಟರಲ್ಲಿ ಇಲ್ಲಿಗೆ ಬಂದಿರಬೇಕಿತ್ತು, ಬಂದಿಲ್ಲ, ಆದ್ದರಿಂದ ಅಂಥವರು ಯಾರೂ ಇಲ್ಲ ಎಂಬುದು ಹಾರ್ಟ್ ಅವರ ತೀರ್ಮಾನ.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಒಂದು ಭಾಗಕ್ಕೆ ವೀಕ್ಷಣೆಯ ಬೆಂಬಲವೂ ಇದೆ. ಒಂದು ನಾಗರಿಕತೆ ಆಕಾಶಗಂಗೆಯಂಥ ತನ್ನ ಇಡೀ ನಕ್ಷತ್ರಸಮೂಹದ (ಗೆಲಾಕ್ಸಿಯ) ಬೆಳಕನ್ನೆಲ್ಲ ಶಕ್ತಿಗಾಗಿ ಬಳಸಿಕೊಂಡರೆ, ಬಳಸಿದ ಶಕ್ತಿ ಕೊನೆಗೆ ಶಾಖವಾಗಿ ಹೊರಬೀಳಲೇಬೇಕು, ಆ ಶಾಖ ಅತಿಗೆಂಪು ಕಿರಣಗಳಲ್ಲಿ ಕಾಣಲೇಬೇಕು. ವೈಸ್ ಎಂಬ ಬಾಹ್ಯಾಕಾಶ ದೂರದರ್ಶಕದ ಮಾಹಿತಿಯಿಂದ ಸುಮಾರು 1 ಲಕ್ಷ ನಕ್ಷತ್ರಸಮೂಹಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಗೆ ಪೂರ್ತಿ ವಶವಾದ ಒಂದು ನಕ್ಷತ್ರಸಮೂಹವೂ ಕಾಣಲಿಲ್ಲ. ಆಕಾಶಗಂಗೆಯನ್ನೇ ಆಳುವಂಥ ಮಹಾನಾಗರಿಕತೆಗಳು ಎಲ್ಲೆಲ್ಲೂ ಇವೆ ಎಂಬ ಕಲ್ಪನೆಯನ್ನು ಇಷ್ಟರಿಂದಲೇ ನಾವು ಬಿಡಬಹುದು.

ಆದರೆ ನಮ್ಮಂಥವರ, ಅಥವಾ ನಮಗಿಂತ ಸ್ವಲ್ಪ ಮುಂದಿರುವವರ ವಿಷಯವೇ ಬೇರೆ. ಹಾರ್ಟ್ ಅವರ ಲೆಕ್ಕದಲ್ಲಿರುವ ಬೆಳಕಿನ ವೇಗದ ನೂರನೆಯ ಒಂದು ಭಾಗವೆಂದರೆ ಸೆಕೆಂಡಿಗೆ 3,000 ಕಿಲೋಮೀಟರ್. 1977ರಲ್ಲಿ ಹೊರಟು 2012ರಲ್ಲಿ ನಕ್ಷತ್ರಗಳ ನಡುವಿನ ಅವಕಾಶವನ್ನು ಮುಟ್ಟಿದ ವಾಯೇಜರ್ 1 ನೌಕೆಯ ವೇಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ವಾಯೇಜರ್ ಆ ದಿಕ್ಕಿಗೇ ಹೊರಟಿದ್ದರೂ ತಲುಪಲು ಸುಮಾರು 75,000 ವರ್ಷ ಬೇಕಾಗುತ್ತಿತ್ತು. ಪಯಣ ಇಷ್ಟು ದುಸ್ತರವಾಗಿರುವಾಗ, ಬುದ್ಧಿಯುಳ್ಳ ಜೀವಿಗಳೆಲ್ಲ ಕೋಟಿ ವರ್ಷಗಳ ಕಾಲ ಬಿಡದೆ ಹರಡುತ್ತಲೇ ಇರುತ್ತಾರೆ ಎಂದು ಊಹಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆದ್ದರಿಂದ ಅವರು ಇಲ್ಲಿಗೆ ಬಂದಿಲ್ಲ ಎಂಬುದಕ್ಕಿಂತ, ಅವರ ದನಿ ನಮಗೇಕೆ ಕೇಳಿಲ್ಲ ಎಂಬುದೇ ಹೆಚ್ಚು ವಿಚಾರಮಾಡಬೇಕಾದ ಪ್ರಶ್ನೆ.

ಆ ದನಿಗಾಗಿ ಕಿವಿಗೊಡುವ ಕೆಲಸ ಆರಂಭವಾದದ್ದು 1960ರಲ್ಲಿ. ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಅವರು ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿದ್ದ 26 ಮೀಟರ್ ಅಗಲದ ರೇಡಿಯೋ ದೂರದರ್ಶಕವನ್ನು ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳ ಕಡೆಗೆ ತಿರುಗಿಸಿ, ಜಲಜನಕದ ಪರಮಾಣು ತಾನಾಗಿ ಹೊಮ್ಮಿಸುವ 1,420 ಮೆಗಾಹರ್ಟ್ಸ್ ಆವರ್ತನದ ಸುತ್ತಮುತ್ತ ಆಲಿಸಿದರು. ಮನೆಯ ಹಳೆಯ ರೇಡಿಯೋದಲ್ಲಿ ಹೊಸಪೇಟೆ ಆಕಾಶವಾಣಿಯನ್ನು ಹಿಡಿಯಬೇಕಾದರೆ ಮುಳ್ಳು ಸರಿಯಾದ ಗೆರೆಗೆ ಬರಬೇಕು, ಆ ಹೊತ್ತಿನಲ್ಲಿ ಪ್ರಸಾರ ನಡೆಯುತ್ತಿರಬೇಕು. ಆಕಾಶದ ವಿಷಯದಲ್ಲಿ ಮುಳ್ಳನ್ನು ಯಾವ ಗೆರೆಗೆ ತರಬೇಕು, ಯಾವ ದಿಕ್ಕಿಗೆ ತಿರುಗಬೇಕು, ದನಿ ಎಷ್ಟು ಕ್ಷೀಣವಾಗಿರುತ್ತದೆ, ಅದು ದಿನವಿಡೀ ಇರುತ್ತದೆಯೋ ವರ್ಷಕ್ಕೊಮ್ಮೆ ಬರುತ್ತದೆಯೋ ಎಂಬ ಯಾವುದನ್ನೂ ಮೊದಲೇ ತಿಳಿಯಲಾಗದು. ಈ ಎಲ್ಲ ಸಾಧ್ಯತೆಗಳನ್ನೂ ಗುಣಿಸಿ, ಅದರಲ್ಲಿ ನಾವು ಹುಡುಕಿರುವುದೆಷ್ಟು ಎಂದು 2018ರಲ್ಲಿ ಜೇಸನ್ ರೈಟ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು: ಭೂಮಿಯ ಸಮುದ್ರಗಳ ಒಟ್ಟು ನೀರಿನ ಎದುರು ಸ್ನಾನಕ್ಕೆ ಕೂರುವ ಒಂದು ದೊಡ್ಡ ತೊಟ್ಟಿಯ ನೀರಿನಷ್ಟು. ಒಂದು ತೊಟ್ಟಿ ನೀರಿನಲ್ಲಿ ಮೀನು ಕಾಣದಿದ್ದರೆ ಸಮುದ್ರದಲ್ಲಿ ಮೀನೇ ಇಲ್ಲ ಎನ್ನಲು ಬರುವುದಿಲ್ಲ.

ಈಗ ನಗಾರಿಯ ಕಲ್ಲಿಗೆ ಮರಳೋಣ. ನಾವು ರೇಡಿಯೋ ಪ್ರಸಾರ ಆರಂಭಿಸಿ ಸುಮಾರು 100 ವರ್ಷವಾಗಿದೆ. ಅಂದರೆ ನಮ್ಮ ಮೊದಮೊದಲ ಪ್ರಸಾರಗಳು ಎಲ್ಲ ದಿಕ್ಕಿಗೂ 100 ಜ್ಯೋತಿರ್ವರ್ಷ ಸಾಗಿವೆ. ಈ 100 ಜ್ಯೋತಿರ್ವರ್ಷವನ್ನು ಒಂದು ಕಿಲೋಮೀಟರ್ ಎಂದು ಇಟ್ಟುಕೊಂಡರೆ, ಆಕಾಶಗಂಗೆಯ ಅಗಲ 1,000 ಕಿಲೋಮೀಟರ್, ಹೆಚ್ಚುಕಡಿಮೆ ಬೀದರಿನಿಂದ ಕನ್ಯಾಕುಮಾರಿಗೆ ನೇರ ಗೆರೆ ಎಳೆದಷ್ಟು ದೂರ. ಅಷ್ಟು ವಿಸ್ತಾರದ ನಾಡಿನಲ್ಲಿ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಒಬ್ಬರು ನಗಾರಿ ಬಾರಿಸಿದ್ದಾರೆ, ಅದರ ನಾದ ಗುಡ್ಡದ ಸುತ್ತಲಿನ ಹೊಲಗಳನ್ನು ಈಗಷ್ಟೇ ಮುಟ್ಟಿದೆ. ಅದೂ ಮುಟ್ಟುವ ಹೊತ್ತಿಗೆ ಕ್ಷೀಣಿಸಿದೆ: ದೂರ ಇಮ್ಮಡಿಯಾದಾಗಲೆಲ್ಲ ರೇಡಿಯೋ ಅಲೆಯ ಬಲ ಕಾಲು ಭಾಗಕ್ಕೆ ಇಳಿಯುವುದರಿಂದ, ನಮ್ಮ ಸಾಮಾನ್ಯ ರೇಡಿಯೋ ಮತ್ತು ಟಿವಿ ಪ್ರಸಾರಗಳನ್ನು ನಮ್ಮಲ್ಲಿರುವಂಥ ದೂರದರ್ಶಕವನ್ನೇ ಇಟ್ಟುಕೊಂಡವರು ಸಮೀಪದ ನಕ್ಷತ್ರದ ಬಳಿ ಕುಳಿತು ಹಿಡಿಯುವುದೂ ಬಲು ಕಷ್ಟ. ಒಂದೇ ದಿಕ್ಕಿಗೆ ಗುರಿಯಿಟ್ಟು ಕಳಿಸುವ ಪ್ರಬಲ ರೇಡಾರ್ ಕಿರಣಗಳು ಮಾತ್ರ ಇದಕ್ಕಿಂತ ಎಷ್ಟೋ ದೂರದವರೆಗೆ ಗುರುತು ಸಿಗುವಂತೆ ಉಳಿಯುತ್ತವೆ, ಆದರೆ ಅವುಗಳ ದಾರಿಯಲ್ಲೇ ಇದ್ದವರಿಗೆ ಮಾತ್ರ ಅವು ಕಾಣುತ್ತವೆ.

ದೂರಕ್ಕಿಂತಲೂ ಕಾಲ ದೊಡ್ಡ ಅಡ್ಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಇದನ್ನು ಯಾರು ಬೇಕಾದರೂ ಪೆನ್ನು ಕಾಗದ ಹಿಡಿದು ಲೆಕ್ಕ ಮಾಡಿ ನೋಡಬಹುದು. ರೇಡಿಯೋ ಬಳಸುವ ಒಂದು ನಾಗರಿಕತೆ 10,000 ವರ್ಷ ಬಾಳುತ್ತದೆ ಎಂದುಕೊಳ್ಳಿ. ನಮ್ಮ ರೇಡಿಯೋ ಯುಗದ ನೂರು ಪಟ್ಟು ಅದು. ಆಕಾಶಗಂಗೆಯ 1,000 ಕೋಟಿ ವರ್ಷಗಳಲ್ಲಿ ಅಂಥ 10,000 ವರ್ಷದ ತುಂಡುಗಳು 10 ಲಕ್ಷ ಹಿಡಿಯುತ್ತವೆ. ಆದ್ದರಿಂದ ಆಕಾಶಗಂಗೆಯಲ್ಲಿ ಇದುವರೆಗೆ 10 ಲಕ್ಷ ನಾಗರಿಕತೆಗಳು ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಅಳಿದಿದ್ದರೂ, ಯಾವುದೇ ಒಂದು ಹೊತ್ತಿನಲ್ಲಿ ಸರಾಸರಿ ಒಂದೇ ಒಂದು ಇರುತ್ತದೆ. 1,000 ವರ್ಷವೇ ಆಯುಷ್ಯವಾದರೆ, ಒಂದು ಹೊತ್ತಿಗೆ ಒಂದು ಇರಬೇಕೆಂದರೂ ಒಟ್ಟು 1 ಕೋಟಿ ನಾಗರಿಕತೆಗಳು ಬೇಕು. ಆಕಾಶಗಂಗೆಯಲ್ಲಿ ಸಂಕೇತ ಕಳಿಸಬಲ್ಲ ನಾಗರಿಕತೆಗಳು ಎಷ್ಟಿರಬಹುದೆಂದು ಹಲವು ಪದಗಳನ್ನು ಗುಣಿಸಿ ಅಂದಾಜಿಸಲು ಡ್ರೇಕ್ ಅವರು 1961ರಲ್ಲಿ ರೂಪಿಸಿದ ಪ್ರಸಿದ್ಧ ಸಮೀಕರಣದ ಕೊನೆಯ ಪದ ಈ ಆಯುಷ್ಯವೇ. ಹಿರೇಬೆಣಕಲ್ಲಿನ ಸಮಾಧಿಗಳ ನಡುವೆ ನಿಂತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಕಲ್ಲು ಅದೇ ಇದೆ, ಬಂಡೆ ಅದೇ ಇದೆ, ಕೇಳುವ ನಾವೂ ಅಲ್ಲಿಯೇ ಇದ್ದೇವೆ, ಬಾರಿಸುವವರು ಎರಡು ಸಾವಿರ ವರ್ಷ ಹಿಂದೆ ಉಳಿದರು.

ಇನ್ನು 10 ಲಕ್ಷ ನಾಗರಿಕತೆಗಳು ಹುಟ್ಟುವುದಾದರೂ ಸುಲಭವೇ ಎಂಬ ಪ್ರಶ್ನೆ. ಇದಕ್ಕೆ ನಮ್ಮ ಪಕ್ಕದ ಸಂಡೂರಿನ ಬೆಟ್ಟಗಳನ್ನು ನೋಡಬೇಕು. ಲಾರಿಗಳು ಹೊತ್ತೊಯ್ಯುವ ಅಲ್ಲಿನ ಕಬ್ಬಿಣದ ಅದಿರು, ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಪದರ ಪದರವಾಗಿ ಗಟ್ಟಿಯಾದ ಶಿಲೆಗಳಿಂದ ಬಂದದ್ದು, ಮತ್ತು ಹೀಗೆ ಕಬ್ಬಿಣ ಇಳಿಯುವುದರಲ್ಲಿ ಅಂದಿನ ಸೂಕ್ಷ್ಮಜೀವಿಗಳ ಪಾತ್ರವೂ ಇತ್ತೆಂದು ಅನೇಕ ಭೂವಿಜ್ಞಾನಿಗಳು ನಂಬುತ್ತಾರೆ. ಅದೇ ಶಿಲಾಪಟ್ಟಿಯಲ್ಲಿ ಸ್ಟ್ರೊಮಾಟೊಲೈಟ್‌ಗಳೂ ಸಿಕ್ಕಿವೆ. ಸೂಕ್ಷ್ಮಜೀವಿಗಳ ಹಾಸುಗಳು ಒಂದರ ಮೇಲೊಂದು ಬೆಳೆದು ಕಲ್ಲಾದ ಗುರುತುಗಳು ಅವು. ಭೂಮಿಗೆ 454 ಕೋಟಿ ವರ್ಷ ವಯಸ್ಸು. ಜೀವ 350 ಕೋಟಿ ವರ್ಷಗಳ ಹಿಂದೆಯೇ ಇತ್ತು. ಆದರೂ ಪ್ರಾಣಿಗಳು ಬಂದದ್ದು ಸುಮಾರು 60 ಕೋಟಿ ವರ್ಷಗಳ ಹಿಂದೆ, ಮನುಷ್ಯರು ಬಂದದ್ದು ಸುಮಾರು 3 ಲಕ್ಷ ವರ್ಷಗಳ ಹಿಂದೆ. ಅಂದರೆ ಭೂಮಿಯ ಜೀವದ ಇತಿಹಾಸದಲ್ಲಿ ಬಹುಪಾಲು ಕಾಲ ಇಲ್ಲಿದ್ದದ್ದು ಕಣ್ಣಿಗೆ ಕಾಣದ ಜೀವಿಗಳೇ. 270 ಕೋಟಿ ವರ್ಷಗಳ ಹಿಂದೆ ಯಾರಾದರೂ ತಮ್ಮ ರೇಡಿಯೋವನ್ನು ಭೂಮಿಯ ಕಡೆಗೆ ತಿರುಗಿಸಿದ್ದರೆ, ಜೀವ ತುಂಬಿದ್ದ ಈ ಗ್ರಹದಿಂದಲೂ ಅವರಿಗೆ ಏನೂ ಕೇಳುತ್ತಿರಲಿಲ್ಲ.

ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್ 1996ರಲ್ಲಿ ಈ ವಿಚಾರವನ್ನು ಮಹಾ ಜರಡಿ ಎಂಬ ಹೆಸರಿನಲ್ಲಿ ಮಂಡಿಸಿದರು. ನಮ್ಮ ಕಡೆ ಸಾಣಿಗೆ ಎನ್ನುತ್ತೇವಲ್ಲ, ಅದೇ. ನಿರ್ಜೀವ ದ್ರವ್ಯದಿಂದ ಆರಂಭಿಸಿ ನಕ್ಷತ್ರಗಳಿಗೆ ಹರಡುವ ನಾಗರಿಕತೆಯವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಬಹುತೇಕ ಎಲ್ಲವೂ ನಿಂತುಬಿಡುತ್ತವೆ, ಮುಂದಕ್ಕೆ ದಾಟುವುದು ತೀರ ವಿರಳ ಎಂಬುದು ಅದರ ಸಾರ. 2018ರಲ್ಲಿ ಆಂಡರ್ಸ್ ಸ್ಯಾಂಡ್‌ಬರ್ಗ್, ಎರಿಕ್ ಡ್ರೆಕ್ಸ್‌ಲರ್ ಮತ್ತು ಟೋಬಿ ಆರ್ಡ್ ಅವರು, ಡ್ರೇಕ್ ಸಮೀಕರಣದ ಪ್ರತಿ ಪದದಲ್ಲಿರುವ ಅನಿಶ್ಚಿತತೆಯನ್ನು ಪ್ರಾಮಾಣಿಕವಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಆಕಾಶಗಂಗೆಯಲ್ಲಿ ನಾವು ಒಂಟಿಯಾಗಿರುವ ಸಾಧ್ಯತೆ ಸಣ್ಣದಲ್ಲ ಎಂದು ತೋರಿಸಿದರು. ನಕ್ಷತ್ರಗಳ ಸಂಖ್ಯೆ ದೊಡ್ಡದು ಎಂಬ ಒಂದೇ ಕಾರಣಕ್ಕೆ ಯಾರಾದರೂ ಇರಲೇಬೇಕು ಎಂಬ ನಿಮ್ಮ ಮಾತಿಗೆ ಇದು ನೇರವಾದ ಉತ್ತರ: ಗುಣಿಸುವ ಇನ್ನೊಂದು ಸಂಖ್ಯೆ ಎಷ್ಟು ಚಿಕ್ಕದೆಂದು ತಿಳಿಯದೆ ಗುಣಲಬ್ಧ ಸಿಗುವುದಿಲ್ಲ.

ಸುಳಿವು ಎದುರಿಗಿದ್ದೂ ಗುರುತಿಸದೆ ಇದ್ದೇವೆಯೇ ಎಂದು ಕೆಲವರು ಕೇಳುತ್ತಾರೆ. ಇದು ಅಸಾಧ್ಯವಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಕೊರೆದಿತ್ತು, ಆದರೆ ಬ್ರಾಹ್ಮಿ ಲಿಪಿಯನ್ನು ಓದುವುದೇ ಮರೆತುಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಲಿಪಿಯ ಗಂಟನ್ನು ಬಿಡಿಸಿದ ಮೇಲೆ, 1915ರಲ್ಲಿ ಆ ಶಾಸನ ಕಣ್ಣಿಗೆ ಬಿದ್ದ ಮೇಲೆಯೇ ಅದು ನಮಗೆ ಮಾತನಾಡಿತು. ಆದರೂ ಈ ವಿವರಣೆಯ ಮೇಲೆ ಹೆಚ್ಚು ಭಾರ ಹಾಕಬಾರದು, ಏಕೆಂದರೆ ಅದನ್ನು ಪರೀಕ್ಷಿಸುವ ದಾರಿ ನಮ್ಮಲ್ಲಿಲ್ಲ.

ಕೇಳಿತೆಂದು ಭಾವಿಸಿ ತಪ್ಪಿದ ಸಂದರ್ಭಗಳು ಇದಕ್ಕಿಂತ ಹೆಚ್ಚು ಕಲಿಸುತ್ತವೆ. 1967ರಲ್ಲಿ ಜೋಸ್ಲಿನ್ ಬೆಲ್ ಅವರಿಗೆ 1.33 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ರೇಡಿಯೋ ಮೂಲ ಸಿಕ್ಕಾಗ ಅದನ್ನು ಸಹೋದ್ಯೋಗಿಗಳು ಪುಟ್ಟ ಹಸಿರು ಮನುಷ್ಯರ ಹೆಸರಿನಿಂದಲೇ ಗುರುತಿಸಿದ್ದರು. ಅದು ಪಲ್ಸಾರ್ ಎಂಬ ಹೊಸ ಬಗೆಯ ನಕ್ಷತ್ರವಾಗಿತ್ತು. 1977ರ ಆಗಸ್ಟ್ 15ರಂದು ಒಹಾಯೊದ ಬಿಗ್ ಇಯರ್ ದೂರದರ್ಶಕದಲ್ಲಿ 72 ಸೆಕೆಂಡು ದಾಖಲಾದ ಪ್ರಬಲ ಸಂಕೇತ ಮತ್ತೆಂದೂ ಕೇಳಲಿಲ್ಲ. 2019ರಲ್ಲಿ ಪ್ರಾಕ್ಸಿಮಾದ ದಿಕ್ಕಿನಿಂದ ಬಂದಂತೆ ಕಂಡ ಸಂಕೇತವು ಮನುಷ್ಯರದೇ ಉಪಕರಣಗಳ ಅಡಚಣೆ ಎಂದು 2021ರಲ್ಲಿ ತೀರ್ಮಾನವಾಯಿತು. ದೂರದರ್ಶಕವನ್ನು ನಕ್ಷತ್ರದಿಂದ ಬೇರೆ ಕಡೆಗೆ ಹೊರಳಿಸಿದಾಗಲೂ ಸಂಕೇತ ಉಳಿದರೆ ಅದು ನಮ್ಮದೇ ಎಂಬ ಸರಳ ಪರೀಕ್ಷೆಯಿಂದ ಆರಂಭಿಸಿ, ಇಂಥ ಪ್ರತಿಯೊಂದನ್ನೂ ಶೋಧಿಸಿದ ಮೇಲೆ ಇದುವರೆಗೆ ಯಾವುದೂ ಉಳಿದಿಲ್ಲ.

ಹೀಗಾಗಿ ನನ್ನ ಉತ್ತರ ಇದು: ಹುಡುಕಾಟ ತೀರ ಕಡಿಮೆಯಾಗಿದೆ, ನಾಗರಿಕತೆಗಳು ವಿರಳವಾಗಿವೆ, ಇರುವವೂ ಒಂದೇ ಕಾಲದಲ್ಲಿ ಎದುರಾಗುವುದಿಲ್ಲ. ಸೂಕ್ಷ್ಮಜೀವಿಗಳು ಬೇರೆ ಗ್ರಹಗಳಲ್ಲಿ ಸಾಕಷ್ಟಿರಬಹುದು ಎಂದೇ ನಾನು ನಂಬುತ್ತೇನೆ, ಆದರೆ ಇದು ನಂಬಿಕೆ ಮಾತ್ರ. 2021ರ ಫೆಬ್ರವರಿಯಲ್ಲಿ ಮಂಗಳನ ಜೆಜೆರೊ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ವಾಹನ, ಒಂದು ಕಾಲಕ್ಕೆ ನೀರು ನಿಂತಿದ್ದ ಕೆರೆಯಂಗಳದ ಕಲ್ಲಿನ ಮಾದರಿಗಳನ್ನು ಕೊಳವೆಗಳಲ್ಲಿ ತುಂಬಿಟ್ಟಿದೆ. ಸಂಡೂರಿನ ಕಲ್ಲಿನಲ್ಲಿರುವಂಥ ಗುರುತು ಅಲ್ಲಿಯೂ ಇದ್ದು, ಆ ಜೀವ ಭೂಮಿಯ ನಂಟಿಲ್ಲದೆ ತಾನಾಗಿ ಹುಟ್ಟಿತ್ತೆಂದು ತೋರಿದರೆ, ಜೀವ ಹುಟ್ಟುವುದು ವಿರಳವಲ್ಲ, ಜರಡಿ ಆ ಹಂತದಲ್ಲಿಲ್ಲ ಎಂದಾಗುತ್ತದೆ. ಆಗ ಅದು ಸೂಕ್ಷ್ಮಜೀವಿಯಿಂದ ಪ್ರಾಣಿಯವರೆಗಿನ, ನಾವು ಈಗಾಗಲೇ ದಾಟಿ ಬಂದಿರುವ ದಾರಿಯಲ್ಲಿದೆಯೋ, ಇಲ್ಲವೇ ನಮ್ಮಂಥವರ ಮುಂದಿನ ದಾರಿಯಲ್ಲಿದೆಯೋ ಎಂದು ನೀವು ಮತ್ತೊಂದು ಪ್ರಶ್ನೆ ಬರೆಯಬೇಕಾಗುತ್ತದೆ.